ಮೇಲ್ ಐಡಿ ನಿಮ್ಮದಾ, ನೆಟ್ ಸೆಂಟರ್‌ನವನದಾ?

ನವಲಗುಂದ ತಾಲೂಕಿನ ಒಂದು ಹಳ್ಳಿಯಿಂದ ಹುಡುಗನೊಬ್ಬ ಫೋನ್ ಮಾಡಿದ್ದ. ಡಿಗ್ರಿ ಮುಗಿಸಿ ಮೂರು ವರ್ಷದಿಂದ ಸರ್ಕಾರಿ ನೌಕರಿಗೆ ಓದುತ್ತಿರುವವನು. "ಸರ್, ದಾಖಲೆ ತೋರಿಸಾಕ ಕರ್ದಿದ್ರಂತ್ರಿ. ಮೇಲ್ ಬಂದಿತ್ತಂತ. ನನಗ ಗೊತ್ತ ಆಗ್ಲಿಲ್ರಿ" ಅಂದ.

ನಾನೂ ಆ ಕಡೆಯವನೇ. "ಯಾಕೋ ತಮ್ಮಾ, ಮೇಲ್ ನೋಡ್ಲಿಲ್ಲೇನು?" ಅಂತ ಕೇಳಿದೆ.

"ಆ ಮೇಲ್ ನಂದಲ್ರಿ ಸರ್. ಅರ್ಜಿ ಹಾಕೂಮುಂದ ನೆಟ್ ಸೆಂಟರ್ ಅಣ್ಣ ತನ್ನ ಐಡಿನ ಹಾಕಿದ್ದ. ಈಗ ಆ ಅಂಗಡಿನ ಬಂದ್ ಆಗೇತ್ರಿ."

ಮೂರು ವರ್ಷದ ಓದು. ಒಂದು ಮೇಲ್. ಮುಗೀತು ಕಥೆ.

ಯಾರನ್ನ ಬೈಯೋಣ ಹೇಳಿ? ಅಂಗಡಿಯವನು ದುಷ್ಟನಲ್ಲ. ದಿನಕ್ಕೆ ನೂರು ಅರ್ಜಿ ತುಂಬುವವನು, ಕೆಲಸ ಬೇಗ ಆಗಲಿ ಅಂತ ತನ್ನದೇ ಐಡಿ ಹಾಕಿದ. ಹುಡುಗನಿಗೆ ಮೇಲ್ ಅಂದರೆ ಅರ್ಜಿಯಲ್ಲಿ ತುಂಬಲೇಬೇಕಾದ ಒಂದು ಖಾನೆ, ಅಷ್ಟೇ. ಟಿವಿಯಲ್ಲಿ ಕೂತು ರಾಜಕೀಯ ಮಾತಾಡುವುದು ನನ್ನ ಕೆಲಸ, ಆದರೆ ಓದಿದ್ದು ಇಂಜಿನಿಯರಿಂಗ್. ಆ ಫೋನ್ ಇಟ್ಟ ಮೇಲೆ ನನಗೆ ಅನಿಸಿದ್ದು ಇಷ್ಟು: ಮೇಲ್ ಅಂದರೇನು ಅಂತ ನಮ್ಮ ಜನಕ್ಕೆ ಯಾರೂ ಕೂರಿಸಿಕೊಂಡು ಹೇಳೇ ಇಲ್ಲ. ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ನಿಮ್ಮ ಮೇಲ್ ನಿಮ್ಮ ಫೋನಿನಲ್ಲಿ ಹುಟ್ಟುವುದಿಲ್ಲ. ಅದು ಬಂದು ಬೀಳುವುದು ಯಾವುದೋ ಕಂಪನಿಯ ಸರ್ವರಿನಲ್ಲಿ. ಅದನ್ನ ಊರಿನ ಟಪಾಲ್ ಆಫೀಸು ಅಂದುಕೊಳ್ಳಿ. ಅಲ್ಲಿ ನಿಮ್ಮ ಹೆಸರಿಗೆ ಒಂದು ಪೆಟ್ಟಿಗೆ ಇದೆ. ಪಾಸ್‌ವರ್ಡ್ ಅದರ ಕೀಲಿಕೈ. ಕೀಲಿ ಯಾರ ಕೈಯಲ್ಲಿದೆಯೋ ಪತ್ರ ಅವರದ್ದು. ಆ ಹುಡುಗನ ಕೀಲಿ ಅಂಗಡಿಯವನ ಜೇಬಿನಲ್ಲಿತ್ತು.

ಈ ಪೆಟ್ಟಿಗೆ ತೆಗೆಯಲು ಎರಡು ದಾರಿ.

ಒಂದು, ನೀವೇ ಆಫೀಸಿಗೆ ಹೋಗಿ ಅಲ್ಲೇ ನಿಂತು ಓದುವುದು. ಇದಕ್ಕೆ ವೆಬ್‌ಮೇಲ್ ಅಂತಾರೆ. ಬ್ರೌಸರ್ ತೆರೆದು, ಹೆಸರು, ಪಾಸ್‌ವರ್ಡ್ ಹಾಕಿ, ಓದಿ ಹೊರಗೆ ಬರೋದು. ಈ ದಾರಿ ಜನಪ್ರಿಯ ಆಗಿದ್ದರಲ್ಲಿ ನಮ್ಮ ಬೆಂಗಳೂರಿನ ನಂಟೂ ಇದೆ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಅಮೆರಿಕದಲ್ಲಿ ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದರು. ಆಫೀಸಿನ ಕಂಪ್ಯೂಟರಿನಲ್ಲಿ ಕೂತು ಇಬ್ಬರೂ ಖಾಸಗಿ ಮೇಲ್ ನೋಡುವುದು ಕಷ್ಟವಾಗಿತ್ತು. ಹಾಗಾದರೆ ಯಾವ ಕಂಪ್ಯೂಟರಿನಿಂದ ಬೇಕಾದರೂ ತೆರೆಯುವಂತಿದ್ದರೆ ಹೇಗೆ? ಆ ಯೋಚನೆಯನ್ನ 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಸುಮಾರು 40 ಕೋಟಿ ಡಾಲರಿಗೆ ಕೊಂಡುಕೊಂಡಿತು.

ವೆಬ್‌ಮೇಲ್‌ಗೆ ಏನೂ ಹಾಕಿಕೊಳ್ಳಬೇಕಿಲ್ಲ. ಕುಂದಗೋಳದಲ್ಲಿ ತೆರೆದದ್ದನ್ನ ದುಬೈಯಲ್ಲೂ ತೆರೆಯಬಹುದು. ಆದರೆ ನೆಟ್ ಇಲ್ಲವೆಂದರೆ ಕಷ್ಟ. ಇನ್ನೊಂದು ಅಪಾಯ ದೊಡ್ಡದು. ಅಂಗಡಿಯ ಕಂಪ್ಯೂಟರಿನಲ್ಲಿ ಮೇಲ್ ನೋಡಿ ಲಾಗ್ಔಟ್ ಮಾಡದೆ ಎದ್ದು ಬಂದರೆ, ಪೆಟ್ಟಿಗೆ ತೆರೆದಿಟ್ಟು ಕೀಲಿ ಅಲ್ಲೇ ಬಿಟ್ಟು ಬಂದ ಹಾಗೆ.

ಎರಡನೇ ದಾರಿ, ಪೋಸ್ಟ್‌ಮ್ಯಾನ್ ಮನೆಗೆ ತಂದುಕೊಡುವುದು. ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್, ಔಟ್‌ಲುಕ್ ಥರದ ಸಾಫ್ಟ್‌ವೇರ್ ಹಾಕಿಕೊಳ್ಳುತ್ತೀರಿ. ಅದು ಸರ್ವರಿಗೆ ಹೋಗಿ ಮೇಲ್ ತರುತ್ತದೆ. ಥಂಡರ್‌ಬರ್ಡ್‌ಗೆ ದುಡ್ಡು ಕೊಡಬೇಕಿಲ್ಲ. 2004ರಿಂದ ಇದೆ, 2024ರಲ್ಲಿ ಆಂಡ್ರಾಯ್ಡ್ ಫೋನಿಗೂ ಬಂತು. ಕಲಘಟಗಿಯ ಕಾಡಂಚಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಬರುತ್ತೆ, ಹೋಗುತ್ತೆ. ಅಂಥ ಕಡೆ ಇದು ಉಪಕಾರಿ. ಹಳೇ ಮೇಲ್ ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತೆ, ನೆಟ್ ಇಲ್ಲದಾಗ ಉತ್ತರ ಬರೆದಿಡಿ, ಸಿಗ್ನಲ್ ಬಂದಾಗ ಕಳಿಸಿ.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಸಾಫ್ಟ್‌ವೇರ್ ನಿಮ್ಮನ್ನ ಕೇಳುತ್ತೆ: ಪಾಪ್ ಬೇಕಾ, ಐಮ್ಯಾಪ್ ಬೇಕಾ? ಪಾಪ್ ಅಂದರೆ ಪೋಸ್ಟ್‌ಮ್ಯಾನ್ ಪತ್ರವನ್ನ ಪೆಟ್ಟಿಗೆಯಿಂದ ತೆಗೆದು ಮನೆಗೆ ತರುತ್ತಾನೆ. 'ಸರ್ವರಿನಲ್ಲೂ ಪ್ರತಿ ಇರಲಿ' ಅಂತ ಗುರುತು ಹಾಕದಿದ್ದರೆ ಅಲ್ಲಿ ಪೆಟ್ಟಿಗೆ ಖಾಲಿ. ಕಂಪ್ಯೂಟರ್ ಕೆಟ್ಟರೆ ಪತ್ರವೂ ಹೋಯಿತು. ಐಮ್ಯಾಪ್ ಅಂದರೆ ಮೂಲ ಪತ್ರ ಆಫೀಸಿನಲ್ಲೇ ಇರುತ್ತೆ, ಮನೆಗೆ ನಕಲು ಬರುತ್ತೆ. ಫೋನು, ಕಂಪ್ಯೂಟರು, ವೆಬ್‌ಮೇಲ್ ಮೂರರಲ್ಲೂ ಒಂದೇ ಕಾಣುತ್ತೆ. ಹೆಚ್ಚಿನವರಿಗೆ ಐಮ್ಯಾಪ್ ಸರಿ. ಆದರೆ ನೆನಪಿಡಿ, ಐಮ್ಯಾಪ್‌ನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲಾ ಕಡೆ ಅಳಿಯುತ್ತೆ. ಬೇಕಾದ ಕಾಗದಪತ್ರವನ್ನ ಬೇರೆ ಕಡೆಯೂ ಉಳಿಸಿಕೊಳ್ಳಿ. ಸಾಫ್ಟ್‌ವೇರ್ ನಂಬರ್ ಕೇಳಿದರೆ ಗಾಬರಿ ಆಗಬೇಡಿ: ಐಮ್ಯಾಪ್‌ಗೆ ಸಾಮಾನ್ಯವಾಗಿ 993, ಪಾಪ್‌ಗೆ 995, ಕಳಿಸುವುದಕ್ಕೆ 465 ಇಲ್ಲವೇ 587.

ಈಗ ದೊಡ್ಡ ಪ್ರಶ್ನೆ. ಪೆಟ್ಟಿಗೆ ಇರುವ ಆಫೀಸೇ ಮುಚ್ಚಿದರೆ?

ಆಗಲ್ಲ ಅನ್ನಬೇಡಿ. ಇಂಡಿಯಾಟೈಮ್ಸ್‌ನ ಉಚಿತ ಮೇಲ್ ಸೇವೆ 2013ರಲ್ಲಿ ನಿಂತೇ ಹೋಯಿತು. ಗೂಗಲ್ ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಗಳನ್ನ 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದೆ. ವಿಳಾಸದಲ್ಲಿ ಆ್ಯಟ್ ಚಿಹ್ನೆಯ ಮುಂದೆ ಇರುವುದು ಕಂಪನಿಯ ಹೆಸರಾದರೆ, ಆ ವಿಳಾಸಕ್ಕೆ ನೀವು ಬಾಡಿಗೆದಾರರು.

ಬಾಡಿಗೆ ಬೇಡ, ಸ್ವಂತ ಬೇಕು ಅಂದರೆ ಸ್ವಂತ ಡೊಮೇನ್ ಹೆಸರು ತಗೋಬಹುದು. ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಮನೆತನ, ನವಲಗುಂದದಲ್ಲಿ ಜಮಖಾನ ನೇಯುವ ಹೆಣ್ಣುಮಕ್ಕಳ ಸಂಘ, ಅಣ್ಣಿಗೇರಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರು, ಇವರಿಗೆಲ್ಲ ಇದು ಉಪಯೋಗ. ಡಾಟ್ ಇನ್ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯೊಳಗೆ ಆಗುತ್ತೆ. ಅದರ ಮೇಲೆ ಯಾವುದಾದರೂ ಸಣ್ಣ ಮೇಲ್ ಸೇವೆ ಹಿಡಿದರಾಯಿತು. ನಾಳೆ ಆ ಸೇವೆ ಸರಿ ಬರಲಿಲ್ಲವೋ, ಹೆಸರು ಹಾಗೇ ಇಟ್ಟುಕೊಂಡು ಇನ್ನೊಂದಕ್ಕೆ ಹೋಗಿ. ಗಿರಾಕಿಗೆ ಗೊತ್ತೇ ಆಗಲ್ಲ.

ಇದು ನನ್ನ ಕಲ್ಪನೆಯಲ್ಲ. ಕೇಂದ್ರ ಸರ್ಕಾರವೇ ಮಾಡಿದೆ. ಸುಮಾರು 12 ಲಕ್ಷ ನೌಕರರ ಮೇಲನ್ನ ತಮಿಳುನಾಡಿನ ಜೋಹೋ ಕಂಪನಿಯ ವ್ಯವಸ್ಥೆಗೆ ಸಾಗಿಸಿದ ಸುದ್ದಿಯನ್ನ 2025ರ ಅಕ್ಟೋಬರ್‌ನಲ್ಲಿ ನಾವೇ ಓದಿದೆವು. ಆದರೆ ಅಧಿಕಾರಿಗಳ ವಿಳಾಸ ಬದಲಾಗಲಿಲ್ಲ, ಗೌ ಡಾಟ್ ಇನ್, ಎನ್‌ಐಸಿ ಡಾಟ್ ಇನ್ ಹಾಗೇ ಉಳಿದವು. ಯಾಕೆ? ಹೆಸರು ಸರ್ಕಾರದ್ದು, ಕಂಪನಿಯದ್ದಲ್ಲ. ದೆಹಲಿಗೆ ಸರಿಯಾದದ್ದು ಕಲಘಟಗಿಗೂ ಸರಿ.

ಸ್ವಂತ ಹೆಸರಿಗೆ ಕಷ್ಟವೂ ಇದೆ, ಮುಚ್ಚಿಡಲ್ಲ. ವರ್ಷ ವರ್ಷ ನವೀಕರಿಸದಿದ್ದರೆ ಹೆಸರು ಕೈತಪ್ಪುತ್ತೆ, ಮತ್ತೊಬ್ಬ ಕೊಂಡರೆ ನಿಮ್ಮ ಮೇಲ್ ಅವನಿಗೆ ಹೋಗುತ್ತೆ. ಸಣ್ಣ ಸೇವೆಯಿಂದ ಹೋದ ಪತ್ರ ಸ್ಪ್ಯಾಮ್‌ಗೆ ಬೀಳುವುದೂ ಉಂಟು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಕಳಿಸುವವರ ಗುರುತಿನ ನಿಯಮ ಬಿಗಿ ಮಾಡಿವೆ. ಎಸ್‌ಪಿಎಫ್, ಡಿಕಿಮ್ ಅನ್ನುವ ಎರಡು ಗುರುತು ನಿಮ್ಮ ಹೆಸರಿಗೆ ಹಾಕಿಕೊಡಿ ಅಂತ ಸೇವೆಯವರನ್ನ ಕೇಳಿ. ಅದು ಪತ್ರದ ಮೇಲಿನ ಮೊಹರು ಇದ್ದಂತೆ. ಹಾಗೇ ಕೆಲವು ಉಚಿತ ಯೋಜನೆಗಳು ವೆಬ್‌ಮೇಲ್ ಮಾತ್ರ ಕೊಡುತ್ತವೆ, ಸಾಫ್ಟ್‌ವೇರಿಗೆ ಬಿಡುವುದಿಲ್ಲ. ಮೊದಲೇ ಕೇಳಿಕೊಂಡು ಸೇರಿ.

ನೌಕರಿಗೆ ಓದುವ ಹುಡುಗರಿಗೆ ಡೊಮೇನೂ ಬೇಡ, ಏನೂ ಬೇಡ. ನಿಮ್ಮದೇ ಒಂದು ಉಚಿತ ಐಡಿ ಸಾಕು. ಅದನ್ನ ನಿಮ್ಮ ಫೋನಿನಲ್ಲಿ, ನಿಮ್ಮ ಕೈಯಾರೆ ಮಾಡಿ. ಪಾಸ್‌ವರ್ಡ್ ಮನೆಯ ಡೈರಿಯಲ್ಲಿ ಬರೆದಿಡಿ, ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಸಬೇಡಿ. ಮರೆತಾಗ ಬೇಕಾಗುವ ಮೊಬೈಲ್ ನಂಬರ್ ಈಗ ಚಾಲ್ತಿಯಲ್ಲಿರುವುದೇ ಆಗಿರಲಿ. ಸಿಮ್ ಬದಲಿಸಿದ ದಿನವೇ ಅದನ್ನೂ ಬದಲಿಸಿ, ಯಾಕಂದರೆ ನೀವು ಬಿಟ್ಟ ನಂಬರನ್ನ ಕಂಪನಿ ಮತ್ತೊಬ್ಬರಿಗೆ ಕೊಡುತ್ತೆ. ವಾರಕ್ಕೊಮ್ಮೆ ಸ್ಪ್ಯಾಮ್ ಕೂಡ ನೋಡಿ. ಅಂಗಡಿಯವನು ಅರ್ಜಿ ತುಂಬಲಿ, ಐಡಿ ಮಾತ್ರ ನಿಮ್ಮದಿರಲಿ. ಸಲ್ಲಿಸುವ ಮುಂಚೆ ಆ ಖಾನೆಗೆ ಬೆರಳಿಟ್ಟು ಓದಿ.

ಆ ಹುಡುಗ ಅವತ್ತೇ ರಾತ್ರಿ ಸ್ವಂತ ಐಡಿ ಮಾಡಿಕೊಂಡು ನನಗೊಂದು ಮೇಲ್ ಹಾಕಿದ. ಒಂದೇ ಸಾಲು: "ಸರ್, ಇದು ನಂದು." ಓದಿ ಖುಷಿಯಾಯಿತು, ಸಂಕಟವೂ ಆಯಿತು. ಹೋದ ಅವಕಾಶ ತಿರುಗಿ ಬರಲಿಲ್ಲ. ಮುಂದಿನ ಪರೀಕ್ಷೆಗೆ ಓದುತ್ತಿದ್ದಾನೆ.

ನಿಮ್ಮ ಮನೆಯಲ್ಲೂ ಅರ್ಜಿ ಹಾಕಿದ ಮಗನೋ ಮಗಳೋ ಇರಬಹುದು. ಇವತ್ತು ಊಟಕ್ಕೆ ಕೂತಾಗ ಒಂದು ಮಾತು ಕೇಳಿ: ಅರ್ಜಿಯಲ್ಲಿ ಹಾಕಿರುವ ಮೇಲ್ ಯಾರದ್ದು?