ಸ್ಲೇಟು ಹಿಡಿಯುವ ಮುನ್ನ

ಡಿಸೆಂಬರ್, ಜನವರಿಯ ಅವರೆಕಾಯಿ ಕಾಲದಲ್ಲಿ ಹಳೇ ಮೈಸೂರು ಕಡೆಯ ಮನೆಗಳಲ್ಲಿ ಸಂಜೆ ಹೊತ್ತು ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯಲು ಕೂರುವುದು ಇದ್ದದ್ದೇ. ಮೂರೂವರೆ ವರ್ಷದ ಮಗುವೂ ಬಂದು ಪಕ್ಕದಲ್ಲಿ ಕೂರುತ್ತದೆ. ಕೆಲಸ ಕೆಡಿಸುತ್ತದೆಂದು ಎಬ್ಬಿಸಿ ಕಳಿಸುವ ಮೊದಲು ಅದರ ಕೈಯನ್ನೊಮ್ಮೆ ನೋಡಿ. ಎಡಗೈಯಲ್ಲಿ ಕಾಯಿ ಜಾರದಂತೆ ಒತ್ತಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ ನಾರು ಎಳೆಯುತ್ತದೆ. ಮೊದಲ ಕಾಯಿಗೆ ಎರಡು ನಿಮಿಷ ಬೇಕು. ನಾಲ್ಕನೆಯದಕ್ಕೆ ಅಷ್ಟು ಬೇಡ.

“ಅಜ್ಜಿ, ಇದ್ರಲ್ಲಿ ಮೂರಿದೆ.”

“ಆ ಸೊಟ್ಟ ಕಾಯಲ್ಲಿ ಎಷ್ಟಿರಬಹುದು, ಬಿಡಿಸೋಕೆ ಮುಂಚೆ ಹೇಳು ನೋಡೋಣ.”

“ನಾಕು.”

ಬಿಡಿಸಿದರೆ ಎರಡು ಕಾಳು, ಜೊತೆಗೊಂದು ಹುಳ.

“ಹುಳ ಯಾಕಜ್ಜಿ ಒಳಗೆ ಹೋಯ್ತು?”

“ಅದಕ್ಕೂ ಹಸಿವಾಗಲ್ವಾ ಕಂದ? ಎಲ್ಲಿಂದ ಹೋಗಿರಬಹುದು? ಸಿಪ್ಪೆ ಮೇಲೆ ತೂತಿದೆಯಾ ಹುಡುಕು.”

ಈ ಹತ್ತು ನಿಮಿಷದಲ್ಲಿ ಎಣಿಕೆ ಆಯಿತು, ಅಂದಾಜು ಕಟ್ಟಿದ್ದಾಯಿತು, ಅಂದಾಜು ತಪ್ಪಿದ್ದನ್ನು ಕಣ್ಣಾರೆ ಕಂಡದ್ದಾಯಿತು. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳೂ ಪಳಗಿದವು. ಎಲ್ಲಕ್ಕಿಂತ ಮಿಗಿಲಾಗಿ, ‘ಯಾಕೆ’ ಎಂದು ಕೇಳಿದ ಮಗುವಿಗೆ ತಾನೇ ಹುಡುಕುವಂಥ ಉತ್ತರ ಸಿಕ್ಕಿತು.

ಊಟ ಮುಗಿದ ಮೇಲೆ ಇದೇ ಮನೆಯಲ್ಲಿ ಸ್ಲೇಟು ಹೊರಬರುತ್ತದೆ. ‘ಅ’ ತಿದ್ದು, ಇನ್ನೊಂದು ಸಲ ತಿದ್ದು, ಗೆರೆ ಆಚೆ ಹೋಯ್ತು ನೋಡು. ಮಗು ಅಳುತ್ತದೆ, ಅಪ್ಪ ಗದರುತ್ತಾರೆ. ಎಲ್‌ಕೆಜಿಗೆ ಸೇರಿಸುವಾಗಲೇ ‘ಬರೆಯೋಕೆ ಬರುತ್ತಾ’ ಎಂದು ಕೇಳುವ ಶಾಲೆಗಳು ಇರುವುದರಿಂದ ತಂದೆತಾಯಿಯ ಆತಂಕ ಅರ್ಥವಾಗುವಂಥದ್ದೇ. ಆದರೂ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ: ಮೂರರಿಂದ ಐದೂವರೆ ವರ್ಷದವರೆಗೆ ಮನೆಯಲ್ಲಿ ಆಗಬೇಕಾದ ದೊಡ್ಡ ಕೆಲಸ ಮಾತು. ಬರವಣಿಗೆ ಅಲ್ಲಿಯವರೆಗೆ ಕಾಯಬಹುದು. ಹೀಗೆನ್ನಲು ನಮ್ಮ ಲಿಪಿಯಲ್ಲೇ ಕಾರಣವಿದೆ.

ಮೊದಲು ಕಿವಿ

ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಓದಲು ಕೂತ ಮಗುವಿನ ಕಣ್ಣಿಗೆ ಬೀಳುವುದು ಅಷ್ಟೇ ಅಲ್ಲ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ ಕಾಗುಣಿತದ ರೂಪಗಳೇ 442 ಆಗುತ್ತವೆ. ಅದರ ಮೇಲೆ ಒತ್ತಕ್ಷರ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಅಕ್ಷರಜ್ಞಾನ ಒಂದನೇ ತರಗತಿಯಲ್ಲಿ ಮುಗಿಯುವಂಥದ್ದಲ್ಲ, ಮೂರು ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದು ಕಂಡುಬಂತು. ಅಷ್ಟು ದೂರದ ದಾರಿ ಇದು. ಮೂರನೇ ವಯಸ್ಸಿನಲ್ಲಿ ನಾಲ್ಕು ಅಕ್ಷರ ಬರೆಸಿ ಗಳಿಸುವುದು ಏನೂ ಇಲ್ಲ. ಓದು ಎಂದರೆ ಅಳು ಎಂದು ಮಗುವಿನ ಮನಸ್ಸಿಗೆ ಬಂದುಬಿಟ್ಟರೆ ಕಳೆದುಕೊಳ್ಳುವುದು ಬಹಳ.

ಅದೇ ಅಧ್ಯಯನದ ಇನ್ನೊಂದು ಅಂಶ ನಮಗೆ ದಾರಿ ತೋರುತ್ತದೆ. ಕನ್ನಡದ ಮಕ್ಕಳಿಗೆ ಪದವನ್ನು ಉಚ್ಚಾರದ ತುಂಡುಗಳಾಗಿ ಒಡೆಯುವುದು ಬೇಗ ಒಲಿಯುತ್ತದೆ. ‘ಕ’ದೊಳಗೆ ‘ಕ್’ ಮತ್ತು ‘ಅ’ ಎರಡೂ ಇವೆ ಎಂಬ ಅರಿವು ಬರುವುದು ತಡ. ಹಾಗಿದ್ದಮೇಲೆ ಮೊದಲು ಒಲಿಯುವುದರಿಂದಲೇ ಆಟ ಶುರುಮಾಡೋಣ. ಚಪ್ಪಾಳೆ ಸಾಕು. ಮ-ನೆ, ಎರಡು ಚಪ್ಪಾಳೆ. ಅಂ-ಗ-ಡಿ, ಮೂರು. ಬ-ದ-ನೆ-ಕಾ-ಯಿ ಎನ್ನುವಾಗ ಮಗುವಿನ ಮುಖ ಅರಳುವುದನ್ನು ನೋಡಬೇಕು, ಅಷ್ಟು ಉದ್ದದ ಪದ ತನ್ನ ಕೈಯಲ್ಲೇ ತುಂಡಾಗುತ್ತಿದೆ! ಮನೆಮಂದಿಯ ಹೆಸರನ್ನೆಲ್ಲ ಹೀಗೆ ತಟ್ಟಿಸಿ. ಯಾರ ಹೆಸರು ಉದ್ದ, ಯಾರದು ಗಿಡ್ಡ ಎಂಬ ಜಗಳ ಹುಟ್ಟಿದರೆ ಆಟ ಗೆದ್ದ ಹಾಗೆ.

ನಾಲ್ಕು ದಾಟಿದ ಮಗುವಿನ ಜೊತೆ ಅಡುಗೆಮನೆಯಲ್ಲಿ ನಿಂತು ‘ಕ’ದಿಂದ ಶುರುವಾಗುವುದು ಏನೇನಿದೆ ಹುಡುಕಬಹುದು: ಕಡಲೆ, ಕರಿಬೇವು, ಕತ್ತರಿ. ಅದು ‘ಗಡಿಯಾರ’ ಎಂದರೆ ತಪ್ಪೆನ್ನಬೇಡಿ. ‘ಕಡಿಯಾರನಾ, ಗಡಿಯಾರನಾ?’ ಎಂದು ಎರಡನ್ನೂ ಹೇಳಿ ತೋರಿಸಿದರೆ ಕಿವಿಯೇ ತಿದ್ದಿಕೊಳ್ಳುತ್ತದೆ.

ನನಗೆ ತೀರ ಇಷ್ಟವಾದ ಆಟವೊಂದಿದೆ, ಅದಕ್ಕೆ ಸಾಮಾನೇ ಬೇಡ. ನಾವು ದಿನಬೆಳಗಾದರೆ ತಿಂಡಿಗಿಂಡಿ, ಪುಸ್ತಕಗಿಸ್ತಕ, ಮಳೆಗಿಳೆ ಎನ್ನುತ್ತೇವಲ್ಲ, ಅದನ್ನೇ ಆಟ ಮಾಡುವುದು. ನೀವು ‘ಚಪಾತಿ’ ಎಂದರೆ ಮಗು ‘ಗಿಪಾತಿ’ ಎನ್ನಬೇಕು, ‘ಬಸ್ಸು’ ಎಂದರೆ ‘ಗಿಸ್ಸು’. ಪದದ ಮೊದಲ ತುಂಡನ್ನು ಕಿತ್ತು ಬೇರೊಂದನ್ನು ಕೂರಿಸುವ ಈ ಕೆಲಸ ಓದಿಗೆ ಬೇಕಾದ ಧ್ವನಿಯರಿವಿನ ಒಳ್ಳೆಯ ಸಾಧನೆ. ನಮ್ಮ ಭಾಷೆ ಅದನ್ನು ಪುಕ್ಕಟೆ ಕೊಟ್ಟಿದೆ. ನಡುವೆ ಒಮ್ಮೆ ‘ಗಿಳಿ’ ಎಂದುನೋಡಿ. ಮಗು ಬಾಯಿ ತೆರೆದು, ತಡೆದು, ಬಿದ್ದುಬಿದ್ದು ನಗುತ್ತದೆ.

ಹಾಡು, ಪ್ರಾಸಗಳ ಬೆಲೆಯೂ ಇಲ್ಲೇ ಇರುವುದು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದ ಪದ್ಯಗಳು ತಲೆಮಾರುಗಳ ನಾಲಿಗೆಯ ಮೇಲೆ ಉಳಿದದ್ದು ಅವುಗಳ ಲಯದಿಂದ. ರಾಗ ಬಾರದಿದ್ದರೂ ಪರವಾಗಿಲ್ಲ, ಅಮ್ಮನೋ ಅಪ್ಪನೋ ತಮ್ಮ ದನಿಯಲ್ಲೇ ಹೇಳಿಕೊಡಲಿ. ಮೊಬೈಲಿನ ಹಾಡು ಮಗು ತಡವರಿಸಿದಾಗ ಅದಕ್ಕಾಗಿ ನಿಲ್ಲುವುದಿಲ್ಲ. ಮೂರು ನಾಲ್ಕು ವರ್ಷದ ಮಗು ಕೂತು ಪರದೆ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ. ಅದೇ ಸಲಹೆಯಲ್ಲಿ ದಿನಕ್ಕೆ ಕನಿಷ್ಠ 3 ಗಂಟೆ ಓಡಾಟ, ಆಟ ಬೇಕು ಎಂದೂ ಇದೆ. ಮೊದಲನೆಯದು ಎಲ್ಲರ ಬಾಯಲ್ಲೂ ಇದೆ, ಎರಡನೆಯದು ಯಾರ ಗಮನಕ್ಕೂ ಬಂದಂತಿಲ್ಲ.

ಪುಸ್ತಕ ಹಿಡಿದು ಕೂತಾಗ

ಚಿತ್ರಪುಸ್ತಕವನ್ನು ಮಗುವಿಗೆ ಓದಿ ಹೇಳುವುದು ಒಳ್ಳೆಯದು ಎಂಬುದರಲ್ಲಿ ಎರಡು ಮಾತಿಲ್ಲ. ಹೇಗೆ ಓದುತ್ತೇವೆ ಎಂಬುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ತೋರಿಸಿದ್ದು ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ಎರಡರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಯರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿನವರು ಮಕ್ಕಳಿಗೆ ಓದುತ್ತಿದ್ದುದು ಹೆಚ್ಚುಕಡಿಮೆ ಅಷ್ಟೇ ಸಲ. ಒಂದು ಗುಂಪಿಗೆ ಮಾತ್ರ ಓದುವಾಗ ಪ್ರಶ್ನೆ ಕೇಳುವುದು, ಮಗುವಿನ ಉತ್ತರವನ್ನು ಬೆಳೆಸುವುದು, ಕಥೆ ಹೇಳುವ ಕೆಲಸವನ್ನು ಮೆಲ್ಲಗೆ ಮಗುವಿಗೇ ಬಿಟ್ಟುಕೊಡುವುದು ಹೇಗೆಂದು ಹೇಳಿಕೊಟ್ಟರು. ಒಂದೇ ತಿಂಗಳ ಕೊನೆಗೆ ಆ ಗುಂಪಿನ ಮಕ್ಕಳು ಮಾತಿನ ಪರೀಕ್ಷೆಯೊಂದರಲ್ಲಿ ಉಳಿದವರಿಗಿಂತ 8.5 ತಿಂಗಳಷ್ಟು ಮುಂದಿದ್ದರು. ಪ್ರಯೋಗ ಚಿಕ್ಕದು, ಮಕ್ಕಳು ಮೂವತ್ತಕ್ಕಿಂತ ಕಡಿಮೆ. ಆದರೆ ಆಮೇಲೆ ಹಲವು ದೇಶಗಳಲ್ಲಿ ಈ ವಿಧಾನವನ್ನು ಪ್ರಯತ್ನಿಸಿದ್ದಾರೆ, ಅದರ ತಿರುಳು ಗಟ್ಟಿಯಾಗಿಯೇ ಉಳಿದಿದೆ.

ಒಂದು ಪುಟ ತೆಗೆದುಕೊಳ್ಳೋಣ. ಚಿತ್ರದಲ್ಲಿ ಮಳೆ, ಬಸ್ ಸ್ಟಾಪು, ಅದರಡಿ ನೆನೆದ ನಾಯಿ. ನಾವು ಸಾಮಾನ್ಯವಾಗಿ ಕೇಳುವುದು ‘ಇದೇನು?’ ಎಂದು. ಮಗು ‘ನಾಯಿ’ ಎನ್ನುತ್ತದೆ, ಮಾತು ಅಲ್ಲಿಗೆ ಮುಗಿಯಿತು. ಹಾಗೆ ಮುಗಿಸದೆ ‘ಹೌದು, ಒದ್ದೆಯಾದ ನಾಯಿ. ಯಾಕೆ ಇಲ್ಲಿ ಬಂದು ನಿಂತಿದೆ?’ ಎನ್ನಿ. ‘ಮಳೆ’ ಎಂದೀತು. ‘ಮಳೆ ಬಂತು ಅಂತ ಓಡಿ ಬಂದು ನಿಂತ್ಕೊಂಡಿದೆ ಅಲ್ವಾ. ಮೊನ್ನೆ ನಾವೂ ಹೀಗೇ ಎಲ್ಲೋ ನಿಂತಿದ್ವಲ್ಲ?’ ಎಂದರೆ ಮಗುವಿನ ಒಂದು ಪದ ನಿಮ್ಮ ಬಾಯಲ್ಲಿ ಪೂರ್ತಿ ವಾಕ್ಯವಾಯಿತು, ಪುಸ್ತಕದ ಮಳೆ ಅದರ ಸ್ವಂತ ಮಳೆಯೂ ಆಯಿತು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ದೊಡ್ಡವರಿಗೆ ಕಷ್ಟವಾಗುವುದು ಇದೇ. ಉತ್ತರ ಅದರ ಬಾಯಿಗೆ ಬರುತ್ತಿರುವಾಗಲೇ ನಾವು ಹೇಳಿಬಿಡುತ್ತೇವೆ.

ಪುಟಪುಟಕ್ಕೂ ಪ್ರಶ್ನೆ ಹಾಕಿ ಕಥೆಯನ್ನು ಪರೀಕ್ಷೆ ಮಾಡಬಾರದು, ಅದೂ ನಿಜ. ಮೊದಲ ಸಲ ಕಥೆ ಓಡಲಿ. ಅದೇ ಪುಸ್ತಕವನ್ನು ಮಗು ಮತ್ತೆ ಮತ್ತೆ ತಂದೇ ತರುತ್ತದೆ. ನಿಮಗೆ ಬೇಸರ ಬರುವ ಹೊತ್ತಿಗೆ ಅದಕ್ಕೆ ಪ್ರತಿ ಪುಟದ ಮಾತು ಬಾಯಿಗೆ ಬಂದಿರುತ್ತದೆ, ಒಂದು ಸಾಲು ಬಿಟ್ಟರೆ ಹಿಡಿಯುತ್ತದೆ. ಆಗ ‘ಇವತ್ತು ನೀನೇ ನಂಗೆ ಓದು’ ಎಂದು ಪುಸ್ತಕವನ್ನು ಅದರ ಕೈಗೆ ಕೊಡಿ. ಅಕ್ಷರ ಬಾರದ ಮಗು ಚಿತ್ರ ನೋಡುತ್ತ, ಪುಟ ತಿರುವುತ್ತ, ಪುಸ್ತಕದ ಭಾಷೆಯಲ್ಲಿ ಹೇಳುವ ಆ ಕಥೆ ಓದಿನ ನಿಜವಾದ ಆರಂಭ.

ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ತೆಲುಗೋ ಆಗಿದ್ದರೆ ಕಥೆಯ ಮಾತುಕತೆ ಆ ಭಾಷೆಯಲ್ಲೇ ಧಾರಾಳವಾಗಿ ನಡೆಯಲಿ. ಯೋಚಿಸುವುದನ್ನು ಮನೆಮಾತಿನಲ್ಲಿ ಕಲಿತ ಮಗು ಅಂಗನವಾಡಿಗೆ ಹೋದಾಗ ಅದನ್ನು ಕನ್ನಡಕ್ಕೂ ಒಯ್ಯುತ್ತದೆ.

ಪುಸ್ತಕ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಈಗ ಒಳ್ಳೆಯ ಉತ್ತರಗಳಿವೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಕನ್ನಡ ಚಿತ್ರಪುಸ್ತಕ ತರುತ್ತದೆ. 2015ರಿಂದ ಅದರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳನ್ನು ದುಡ್ಡಿಲ್ಲದೆ ಓದಬಹುದು, ಇಳಿಸಿ ಮುದ್ರಿಸಿಕೊಳ್ಳಲೂ ಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯೂ ಕನ್ನಡದಲ್ಲಿದೆ. ಹಾಗೆಯೇ ಮನೆ ಹತ್ತಿರದ ಅಂಗನವಾಡಿಯನ್ನೂ ಹಗುರವಾಗಿ ಕಾಣಬೇಡಿ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಅದರಲ್ಲಿ ನಮ್ಮ ತಿ. ನರಸೀಪುರವೂ ಇತ್ತು. ಇಂದು ಅಂಗನವಾಡಿಯ ಶಾಲಾಪೂರ್ವ ಕಲಿಕೆಗಾಗಿರುವ ‘ಚಿಲಿಪಿಲಿ’ ಚಟುವಟಿಕೆಗಳನ್ನು ಮನಸ್ಸಿಟ್ಟು ಮಾಡಿಸುವ ಕಾರ್ಯಕರ್ತೆ ಸಿಕ್ಕಿದರೆ, ಅಲ್ಲಿ ಹಾಡಿ ಕುಣಿದು ಬಂದ ಮಗು ದಿನವಿಡೀ ಕಾಪಿ ಬರೆದು ಬಂದ ಮಗುವಿಗಿಂತ ಚೆನ್ನಾಗಿ ಸಿದ್ಧವಾಗಿರುತ್ತದೆ ಎಂದೇ ನನ್ನ ನಂಬಿಕೆ.

ಎಣಿಕೆ ಎಂದರೆ

ಇಪ್ಪತ್ತರವರೆಗೆ ಒಪ್ಪಿಸುವ ಮಗುವಿಗೆ ‘ಐದು ಚಮಚ ತಗೊಂಬಾ’ ಎಂದು ಹೇಳಿ. ಮೂರು ವರ್ಷದ್ದಾದರೆ ಬಹಳ ಮಟ್ಟಿಗೆ ಕೈಗೆ ಬಂದಷ್ಟು ಹಿಡಿದು ತರುತ್ತದೆ. ಸಂಖ್ಯೆಗಳನ್ನು ಸಾಲಾಗಿ ಹೇಳುವುದು ಒಂದು, ಎಣಿಸಿದಾಗ ಕೊನೆಗೆ ಬಂದ ಸಂಖ್ಯೆಯೇ ಒಟ್ಟು ಎಂದು ತಿಳಿಯುವುದು ಇನ್ನೊಂದು. ಸಾಮಾನ್ಯವಾಗಿ ಒಂದು ಎಷ್ಟೆಂದು ಮೊದಲು ತಿಳಿಯುತ್ತದೆ, ತಿಂಗಳುಗಳ ಮೇಲೆ ಎರಡು, ಆಮೇಲೆ ಮೂರು. ಐದಾರರ ಅರ್ಥ ಗಟ್ಟಿಯಾಗುವ ಹೊತ್ತಿಗೆ ಮಗುವಿಗೆ ನಾಲ್ಕರ ಆಸುಪಾಸು. ಊಟಕ್ಕೆ ತಟ್ಟೆ ಹಾಕಿಸುವುದು ಇದಕ್ಕೆ ಒಳ್ಳೆಯ ಅಭ್ಯಾಸ: ಅಜ್ಜಿಗೊಂದು, ಅಪ್ಪನಿಗೊಂದು, ಒಂದು ಕಡಿಮೆ ಬಂತು, ಇನ್ನೆಷ್ಟು ಬೇಕು?

ಅಳಗುಳಿ ಮಣೆ ಅಟ್ಟದ ಮೇಲಿದ್ದರೆ ಇಳಿಸಿ. ಕರಾವಳಿಯವರು ಚೆನ್ನೆಮಣೆ ಎನ್ನುವುದೂ ಇದನ್ನೇ. ಏಳರ ಎರಡು ಸಾಲು, ಒಟ್ಟು 14 ಗುಳಿ. ದೊಡ್ಡವರ ನಿಯಮ ಈಗಲೇ ಬೇಡ. ಹುಣಸೆ ಬೀಜ ಕೈಗೆ ಕೊಟ್ಟು ಒಂದೊಂದು ಗುಳಿಗೆ ಒಂದೊಂದು ಹಾಕುತ್ತ ಹೋಗಲಿ. ಒಂದು ಮಾತಿಗೆ ಒಂದು ಬೀಜ, ಒಂದು ಬೀಜಕ್ಕೆ ಒಂದು ಗುಳಿ ಎಂಬ ಲೆಕ್ಕ ಬೆರಳಿಗೆ ಹತ್ತುತ್ತದೆ. ಬೀಜ ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ವಯಸ್ಸು ದಾಟಿರಬೇಕು, ದೊಡ್ಡವರೊಬ್ಬರು ಜೊತೆಗಿರಬೇಕು. ಗುಲಗಂಜಿಯನ್ನಂತೂ ಯಾವ ಕಾರಣಕ್ಕೂ ಕೊಡಬೇಡಿ, ಅಗಿದರೆ ಅದು ವಿಷ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಹತ್ತು ಮನೆ ಬರೆದು 1ರಿಂದ 10 ಗುರುತು ಹಾಕಿ, ಕವಡೆ ಎಸೆದು, ಬಿದ್ದಷ್ಟು ಮನೆ ಕುಪ್ಪಳಿಸುತ್ತ ಸಂಖ್ಯೆ ಹೇಳಿಸಬಹುದು. ಅಮೆರಿಕದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಇಂಥದೇ ನೇರ ಸಾಲಿನ ಮಣೆಯಾಟವನ್ನು ಹದಿನೈದು ನಿಮಿಷದಂತೆ ನಾಲ್ಕು ಸಲ ಆಡಿಸಿದರು. ಒಟ್ಟು ಒಂದೇ ಗಂಟೆ. ಯಾವ ಸಂಖ್ಯೆ ದೊಡ್ಡದು, ಯಾವುದು ಎಷ್ಟು ದೂರದಲ್ಲಿದೆ ಎಂಬ ತಿಳಿವಳಿಕೆ ಅಷ್ಟರಲ್ಲೇ ಹೆಚ್ಚಿತು. ವೃತ್ತಾಕಾರದ ಮಣೆಯಲ್ಲಿ ಆಡಿಸಿದಾಗ ಈ ಲಾಭ ಕಾಣಲಿಲ್ಲ. ಹಾಗಾಗಿ ಸುತ್ತು ಹೊಡೆಯುವ ಚೌಕಾಬಾರ ಆರೇಳು ವರ್ಷಕ್ಕಿರಲಿ, ಈಗ ನೇರ ಗೆರೆ.

ಇಷ್ಟೆಲ್ಲ ಮಾತಿನ ಬಗ್ಗೆ ಹೇಳಿದ ಮೇಲೆ ಮಾತು ತಡವಾದ ಮಗುವಿನ ಬಗ್ಗೆಯೂ ಹೇಳಬೇಕು. ಮೂರು ತುಂಬಿದರೂ ಎರಡು ಮೂರು ಪದ ಸೇರಿಸಿ ಹೇಳದಿದ್ದರೆ, ಮನೆಯವರ ಹೊರತು ಬೇರೆಯವರಿಗೆ ಅದರ ಮಾತು ಅರ್ಥವೇ ಆಗದಿದ್ದರೆ, ಕರೆದಾಗ ತಿರುಗದಿದ್ದರೆ ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂದು ಸುಮ್ಮನಿರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಂಗನವಾಡಿ ಕಾರ್ಯಕರ್ತೆಗೋ ಆಶಾ ಕಾರ್ಯಕರ್ತೆಗೋ ಹೇಳಿದರೆ ಮುಂದೆ ಎಲ್ಲಿ ತೋರಿಸಬೇಕೆಂದು ತಿಳಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳ ತಪಾಸಣೆಯೂ ಚಿಕಿತ್ಸೆಯೂ ಉಂಟು, ಮನೆಯಲ್ಲಿ ಮಗುವಿನ ಜೊತೆ ಹೇಗೆ ಮಾತಾಡಬೇಕೆಂದು ತಾಯಂದಿರಿಗೆ ಅಲ್ಲೇ ಕಲಿಸಿಕೊಡುತ್ತಾರೆ.