ಮಕ್ಕಳ ಕೈಯಿಂದ ಒಂದು ಅರವಟ್ಟಿಗೆ

ಚೈತ್ರ ವೈಶಾಖಗಳ ಬಿಸಿಲಿನಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ, ಪಾನಕಗಳನ್ನಿತ್ತು ದಣಿವಾರಿಸುವ ಅರವಟ್ಟಿಗೆಯು ಕನ್ನಡ ನಾಡಿಗೆ ಹೊಸದೇನಲ್ಲ. ನಮ್ಮ ಶಾಸನಗಳಲ್ಲಿಯೂ ಅದರ ಮಾತು ಬರುತ್ತದೆ. ಜಾತ್ರೆಯ ದಾರಿಯಲ್ಲಿ, ಸಂತೆಯ ಬಯಲಿನಲ್ಲಿ, ಬಸ್ ನಿಲ್ದಾಣದ ಬಳಿ ಇಂದಿಗೂ ಅರವಟ್ಟಿಗೆಗಳು ಏಳುತ್ತವೆ. ಆದರೆ ಅವುಗಳನ್ನು ಕಟ್ಟುವವರು ಹಿರಿಯರು. ಮಕ್ಕಳು ಅಲ್ಲಿ ಕುಡಿಯುವವರು, ಹೆಚ್ಚೆಂದರೆ ಲೋಟ ತೊಳೆಯುವವರು. ಇದೇ ಕೆಲಸವನ್ನು ಮರ ಕೊಯ್ಯುವುದರಿಂದ ಹಿಡಿದು ಪಾನಕ ಹಂಚುವವರೆಗೆ ಶಾಲೆಯ ಮಕ್ಕಳಿಗೇ ಒಪ್ಪಿಸಿದರೆ ಅದೊಂದು ಪರಿಪೂರ್ಣ ಪಾಠವಾಗಬಲ್ಲುದು. ಅದರ ವಿಧಾನವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಅಮೆರಿಕೆಯಲ್ಲಿ ಬೇಸಗೆಯ ರಜೆ ಬಂತೆಂದರೆ ಮಕ್ಕಳು ಮನೆಯ ಮುಂದೆ ಮರದ ಪುಟ್ಟ ಕಟ್ಟೆಯೊಂದನ್ನು ನಿಲ್ಲಿಸಿ ನಿಂಬೆಯ ಪಾನಕವನ್ನು ಮಾರುವ ವಾಡಿಕೆಯುಂಟು. ಅಲ್ಲಿ ಅದು ಕೈಖರ್ಚಿನ ಹಣ ಗಳಿಸುವ ದಾರಿ, ವ್ಯಾಪಾರದ ಮೊದಲ ಪಾಠ. ಪರವಾನಗಿಯ ತೊಡಕು ಈ ಮಕ್ಕಳನ್ನೂ ಕಾಡಿದ್ದುಂಟು. ಅದನ್ನು ನಿವಾರಿಸಲು ಟೆಕ್ಸಾಸ್ ರಾಜ್ಯವು 2019ರಲ್ಲಿ ಕಾನೂನನ್ನೇ ಮಾಡಿತು. ಅಲೆಕ್ಸಾಂಡ್ರಾ ಸ್ಕಾಟ್ ಎಂಬ ಬಾಲಕಿ ಸ್ವತಃ ಕ್ಯಾನ್ಸರ್ ಪೀಡಿತಳಾಗಿದ್ದು, 2000ದಲ್ಲಿ ತನ್ನ ನಾಲ್ಕನೆಯ ವಯಸ್ಸಿನಲ್ಲಿ ಇಂಥದೊಂದು ಕಟ್ಟೆ ಹಾಕಿ, ಬಂದ ಹಣವನ್ನು ಆ ರೋಗದ ಚಿಕಿತ್ಸೆಗೆ ನೆರವಾಗಲೆಂದು ಕೊಟ್ಟಳು. 2004ರಲ್ಲಿ ಆಕೆ ತೀರಿಕೊಳ್ಳುವ ವೇಳೆಗೆ ಆಕೆಯ ಹೆಸರಿನಲ್ಲಿ ಕೂಡಿದ ಹಣ ಹತ್ತು ಲಕ್ಷ ಡಾಲರುಗಳನ್ನು ಮೀರಿತ್ತು. ಮಾರುವ ಕಟ್ಟೆಯು ಕೊಡುವ ಕಟ್ಟೆಯಾಗಲು ಬೇಕಾದುದು ಮನಸ್ಸೊಂದೇ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಅರವಟ್ಟಿಗೆ ಮೊದಲಿನಿಂದಲೂ ಕೊಡುವ ಕಟ್ಟೆಯೇ ಆಗಿದೆ.

ಕೈಗೆಲಸವು ಶಿಕ್ಷಣದ ಅಂಗವಾಗಬೇಕೆಂಬ ವಿಚಾರ ನಿನ್ನೆ ಮೊನ್ನೆಯದಲ್ಲ. ಊನೋ ಸಿಗ್ನೇಯಸ್ ಎಂಬ ಶಿಕ್ಷಣತಜ್ಞನ ಪ್ರಯತ್ನದಿಂದ ಫಿನ್ಲೆಂಡಿನ ಜನತಾ ಶಾಲೆಗಳಲ್ಲಿ 1866ರಲ್ಲಿ ಕೈಗೆಲಸ ಕಡ್ಡಾಯವಾಯಿತು. ಸ್ವೀಡನ್ನಿನ ನೇಸ್ ಎಂಬಲ್ಲಿ ಆಟೋ ಸಾಲೊಮನ್ ಈ ಪದ್ಧತಿಯಲ್ಲಿ ಶಿಕ್ಷಕರನ್ನು ತರಬೇತಿಗೊಳಿಸಿದನು. ಮಗುವು ವ್ಯರ್ಥ ಅಭ್ಯಾಸಗಳನ್ನು ಮಾಡದೆ ಉಪಯೋಗಕ್ಕೆ ಬರುವ ಪೂರ್ಣ ವಸ್ತುವೊಂದನ್ನು ಮಾಡಬೇಕು, ಸುಲಭದಿಂದ ಕಠಿಣಕ್ಕೆ ಏರಬೇಕು ಎಂಬುದು ಅವನ ತತ್ತ್ವ. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನವೂ, ಅನಂತರದ ಜಾಕಿರ್ ಹುಸೇನ್ ಸಮಿತಿಯೂ ಕಸುಬಿನ ಮೂಲಕ ವಿದ್ಯೆ ಎಂಬ ಮಾತನ್ನು ನಮ್ಮ ದೇಶದ ಮುಂದಿಟ್ಟವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕಲಿಯಬೇಕೆನ್ನುತ್ತದೆ. ಆ ಹತ್ತು ದಿನಗಳಲ್ಲಿ ನಾಲ್ಕನ್ನು ಈ ಕೆಲಸಕ್ಕೆ ಮೀಸಲಿಡುವುದು ಕಷ್ಟವಲ್ಲ.

ಮರ ಮತ್ತು ಅಳತೆ

ಇದಕ್ಕೆ ತೇಗ ಬೇಕಿಲ್ಲ. ಸಿಲ್ವರ್ ಓಕ್, ಮಾವು, ಬೇವು ಮೊದಲಾದ ಅಗ್ಗದ ಮರ ಸಾಕು. ಆದರೆ ಚೆನ್ನಾಗಿ ಒಣಗಿರಬೇಕು. ಹಸಿಮರವು ಒಣಗುತ್ತಾ ಕುಗ್ಗಿ ಸೊಟ್ಟಗಾಗುವುದರಿಂದ ಬಿಗಿದ ಕೂಡುಗಳು ಸಡಿಲಗೊಳ್ಳುತ್ತವೆ. ಕಾರ್ಖಾನೆಗಳಿಂದ ಬರುವ ಹಳೆಯ ಸಾಗಣೆಯ ಪೆಟ್ಟಿಗೆಗಳ ಮರವನ್ನೂ ಬಳಸಬಹುದು. ಅವುಗಳ ಮೇಲೆ 'ಎಂ.ಬಿ.' ಎಂಬ ಆಂಗ್ಲ ಅಕ್ಷರಗಳ ಮುದ್ರೆಯಿದ್ದರೆ ಕ್ರಿಮಿನಾಶಕ್ಕಾಗಿ ಮೀಥೈಲ್ ಬ್ರೋಮೈಡ್ ಅನಿಲವನ್ನು ಹಾಯಿಸಲಾಗಿದೆಯೆಂದು ಅರ್ಥ. ಅದನ್ನು ಮಕ್ಕಳ ಕೈಗೆ ಕೊಡಬಾರದು. 'ಎಚ್.ಟಿ.' ಎಂದಿದ್ದರೆ ಬರಿಯ ಶಾಖದಿಂದ ಸಂಸ್ಕರಿಸಿದ್ದು.

ಕಟ್ಟೆಯ ಉದ್ದ 120 ಸೆಂ.ಮೀ., ಅಗಲ 50 ಸೆಂ.ಮೀ., ಹಲಗೆಯ ಎತ್ತರ ನೆಲದಿಂದ 80 ಸೆಂ.ಮೀ. ಹತ್ತು ಹನ್ನೆರಡು ವರ್ಷದ ಮಕ್ಕಳು ಬಾಗದೆ, ಮೆಟ್ಟುಗಾಲಿನಲ್ಲಿ ನಿಲ್ಲದೆ ಲೋಟ ತುಂಬಲು ಈ ಎತ್ತರ ತಕ್ಕುದು. ಬೇಕಾಗುವ ಸಾಮಗ್ರಿ ಹೀಗಿದೆ:

5 ಸೆಂ.ಮೀ. ಚೌಕದ ಕಂಬಗಳು: ಮುಂದಿನವು 190 ಸೆಂ.ಮೀ. ಉದ್ದದ 2, ಹಿಂದಿನವು 170 ಸೆಂ.ಮೀ. ಉದ್ದದ 2.

5 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಪಟ್ಟಿಗಳು: 120 ಸೆಂ.ಮೀ. ಉದ್ದದ 4, 50 ಸೆಂ.ಮೀ. ಉದ್ದದ 6, ಚಾವಣಿಗೆ 60 ಸೆಂ.ಮೀ. ಉದ್ದದ 2, ಓರೆಪಟ್ಟಿಗಳಿಗೆ 140 ಸೆಂ.ಮೀ. ಉದ್ದದ 1 ಮತ್ತು 75 ಸೆಂ.ಮೀ. ಉದ್ದದ 2.

12.5 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಹಲಗೆಗಳು: 110 ಸೆಂ.ಮೀ. ಉದ್ದದ 8.

ಒಟ್ಟು ಎಷ್ಟು ಮೀಟರು ಕೊಳ್ಳಬೇಕೆಂಬುದನ್ನು ಮಕ್ಕಳೇ ಕೂಡಿಸಲಿ. ಕಂಬಕ್ಕೆ 7.2, ಪಟ್ಟಿಗೆ 11.9, ಹಲಗೆಗೆ 8.8 ಮೀಟರು ಎಂಬ ಉತ್ತರ ಬರಬೇಕು. ಗರಗಸವು ಪ್ರತಿ ಕೊಯ್ತಕ್ಕೂ ಒಂದೆರಡು ಮಿಲಿಮೀಟರು ಮರವನ್ನು ಹೊಟ್ಟು ಮಾಡುವುದರಿಂದ ಹತ್ತರಲ್ಲೊಂದು ಪಾಲು ಹೆಚ್ಚಿಗೆ ತರುವುದು ಲೇಸು. ಹಲಗೆ 120 ಸೆಂ.ಮೀ. ಇರದೆ 110 ಸೆಂ.ಮೀ. ಏಕೆಂದು ಕೇಳಿದರೆ, ಎರಡು ಬದಿಯ ಕಂಬಗಳ ದಪ್ಪ ಕಳೆದು ಉಳಿಯುವ ಅಂತರ ಅಷ್ಟೇ ಎಂದು ಜಾಣ ವಿದ್ಯಾರ್ಥಿಯು ಹೇಳುವನು.

ಕೂಡಿಸುವ ಕ್ರಮ

ಮೊದಲು ಎರಡು ಬದಿಯ ಚೌಕಟ್ಟುಗಳು. ಒಂದು ಮುಂಗಂಬ, ಒಂದು ಹಿಂಗಂಬಗಳನ್ನು ನೆಲದ ಮೇಲೆ ಮಲಗಿಸಿ, ಬುಡಗಳು ಒಂದೇ ಗೆರೆಯಲ್ಲಿಯೂ ಹೊರ ಅಂಚುಗಳ ನಡುವಿನ ಅಂತರ 50 ಸೆಂ.ಮೀ. ಆಗಿಯೂ ಇರುವಂತೆ ಇಡಬೇಕು. ಕಂಬಗಳ ಒಳಮೈಗೆ 50 ಸೆಂ.ಮೀ. ಪಟ್ಟಿಗಳೆರಡನ್ನು ಬಿಗಿಯಬೇಕು. ಮೇಲಿನ ಪಟ್ಟಿಯ ಮೇಲಂಚು ಬುಡದಿಂದ 78 ಸೆಂ.ಮೀ., ಕೆಳಗಿನದರ ಮೇಲಂಚು 25 ಸೆಂ.ಮೀ. ದೂರದಲ್ಲಿರಲಿ. ಹಲಗೆಯ ದಪ್ಪ ಸೇರಿದಾಗ 80 ಸೆಂ.ಮೀ. ಎತ್ತರ ತಾನಾಗಿ ಬರುವುದು.

ಬಿಗಿಯುವ ಮುನ್ನ ಮೂಲೆ ನೇರವಾಗಿದೆಯೇ ಎಂದು ನೋಡಬೇಕು. ಬುಡದ ಮೂಲೆಯಿಂದ ಒಂದು ಬದಿಗೆ 30, ಇನ್ನೊಂದು ಬದಿಗೆ 40 ಸೆಂ.ಮೀ. ಗುರುತು ಹಾಕಿ, ಗುರುತುಗಳ ನಡುವೆ ಸರಿಯಾಗಿ 50 ಸೆಂ.ಮೀ. ಬಂದರೆ ಅದು ಲಂಬಕೋನ. ಇನ್ನೊಂದು ಪರೀಕ್ಷೆಯುಂಟು. ಮುಂಗಂಬದ ಮೇಲೂ 170 ಸೆಂ.ಮೀ. ಗುರುತು ಮಾಡಿ ಎರಡು ಕರ್ಣಗಳನ್ನು ಅಳೆದರೆ ಎರಡೂ ಸುಮಾರು 177 ಸೆಂ.ಮೀ. ಆಗಿ ಸಮನಾಗಿರಬೇಕು. ಬೌಧಾಯನನ ಶುಲ್ಬಸೂತ್ರದಲ್ಲಿ ಯಜ್ಞವೇದಿಕೆಯ ಅಳತೆಗಾಗಿ ಹೇಳಿರುವ ನಿಯಮವಿದು. ಪೈಥಾಗೊರಸನ ಪ್ರಮೇಯವೆಂದು ಮಕ್ಕಳು ಬಾಯಿಪಾಠ ಮಾಡುವುದೂ ಇದನ್ನೇ. ಕಪ್ಪುಹಲಗೆಯ ಮೇಲೆ ನಿದ್ದೆ ತರಿಸುವ ಈ ನಿಯಮ ಮರದ ಮೇಲೆ ಎಚ್ಚರ ತರಿಸುತ್ತದೆ.

ಪಟ್ಟಿಗಳನ್ನು ಬಿಗಿಯಲು 5 ಸೆಂ.ಮೀ. ತಿರುಪುಮೊಳೆಗಳು ಬೇಕು, ಅರ್ಧ ಭಾಗ ಪಟ್ಟಿಯಲ್ಲಿ, ಅರ್ಧ ಭಾಗ ಕಂಬದಲ್ಲಿ ನಿಲ್ಲುತ್ತದೆ. ಮೊದಲೇ ಕೈಬೈರಿಗೆಯಿಂದ ತಿರುಪಿಗಿಂತ ಸಣ್ಣ ರಂಧ್ರವನ್ನು ಕೊರೆದರೆ ಮರ ಸೀಳುವುದಿಲ್ಲ. ಸಾದಾ ಮೊಳೆಯನ್ನೇ ಹೊಡೆಯುವುದಾದರೆ ಅದರ ಮೊನೆಯನ್ನು ಸುತ್ತಿಗೆಯಿಂದ ತುಸು ಮೊಂಡು ಮಾಡಿಕೊಳ್ಳುವುದು ಬಡಗಿಗಳ ಹಳೆಯ ಯುಕ್ತಿ. ಚೂಪು ಮೊನೆ ನಾರುಗಳನ್ನು ಬೆಣೆಯಂತೆ ಅಗಲಿಸಿ ಸೀಳುತ್ತದೆ; ಮೊಂಡು ಮೊನೆ ನಾರನ್ನು ಜಜ್ಜಿ ದಾರಿ ಮಾಡಿಕೊಳ್ಳುತ್ತದೆ. ಎರಡು ಮೊಳೆಗಳು ಮರದ ಒಂದೇ ಎಳೆಯ ಮೇಲೆ ಬೀಳದಿರಲಿ.

ಬಳಿಕ ಎರಡು ಚೌಕಟ್ಟುಗಳನ್ನು ನಿಲ್ಲಿಸಿ, ಹಲಗೆಯ ಮಟ್ಟದಲ್ಲಿ ಮುಂದೆ ಹಿಂದೆ ಒಂದೊಂದು, ತುದಿಯಲ್ಲಿ ಮುಂದೆ ಹಿಂದೆ ಒಂದೊಂದು 120 ಸೆಂ.ಮೀ. ಪಟ್ಟಿಗಳನ್ನು ಹೊರಮೈಗೆ ಬಿಗಿಯಬೇಕು. ಇಷ್ಟಾದ ಮೇಲೆ ಕಟ್ಟೆಯನ್ನು ಮೆಲ್ಲಗೆ ದೂಡಿದರೆ ಅದು ತೂಗಾಡುವುದು. ಇಲ್ಲಿ ಶಿಕ್ಷಕರು ತಡೆದು ಒಂದು ಪ್ರಯೋಗ ಮಾಡಿಸಬೇಕು. ನಾಲ್ಕು ತುಂಡು ಪಟ್ಟಿಗಳನ್ನು ಮೂಲೆಗೊಂದೇ ಮೊಳೆಯಿಂದ ಕೂಡಿಸಿದ ಚೌಕವನ್ನು ಅದುಮಿದರೆ ಅದು ವಾಲುತ್ತದೆ. ಮೂರು ಪಟ್ಟಿಗಳ ತ್ರಿಕೋನ ವಾಲುವುದಿಲ್ಲ. ಬಾಹುಗಳ ಉದ್ದ ನಿಶ್ಚಿತವಾದರೆ ತ್ರಿಕೋನದ ಆಕಾರವೂ ನಿಶ್ಚಿತ. ಚತುರ್ಭುಜಕ್ಕೆ ಆ ಕಟ್ಟುಪಾಡಿಲ್ಲ. ಸೇತುವೆಯ ಉಕ್ಕಿನ ಜಾಲರಿಯಲ್ಲಿ ತ್ರಿಕೋನಗಳೇ ಕಾಣುವ ಕಾರಣವಿದೇ. ಆಗ ಹಿಂಬದಿಗೆ 140 ಸೆಂ.ಮೀ., ಎರಡು ಬದಿಗೆ 75 ಸೆಂ.ಮೀ. ಓರೆಪಟ್ಟಿಗಳನ್ನು ಬಿಗಿಯಲಿ. ಕಟ್ಟೆ ಅಲುಗದೆ ನಿಲ್ಲುವುದನ್ನು ಮಕ್ಕಳ ಕೈಗಳೇ ಅರಿಯುತ್ತವೆ.

ಕೊನೆಗೆ ಮೇಲೆ ನಾಲ್ಕು, ಕೆಳಗೆ ನಾಲ್ಕು ಹಲಗೆಗಳನ್ನು ಕೂಡಿಸಿ, ನಡುಮಧ್ಯದಲ್ಲಿ ಅಡಿಯಿಂದ ಉಳಿದ 50 ಸೆಂ.ಮೀ. ಪಟ್ಟಿಗಳನ್ನು ಅಡ್ಡವಾಗಿ ಬಿಗಿದರೆ ಭಾರವನ್ನು ನಾಲ್ಕೂ ಹಲಗೆಗಳು ಹಂಚಿಕೊಳ್ಳುತ್ತವೆ. ನೀರಿನ ತುಂಬುಗೊಡ ಕೆಳಗಿನ ಅಂತಸ್ತಿನಲ್ಲಿರಲಿ. ಭಾರ ಕೆಳಗಿದ್ದಷ್ಟೂ ಕಟ್ಟೆ ಉರುಳುವ ಭಯ ಕಡಿಮೆ. ಚಾವಣಿಯ ಇಳಿಜಾರು 54 ಸೆಂ.ಮೀ. ಆಗುವುದರಿಂದ 60 ಸೆಂ.ಮೀ. ಪಟ್ಟಿಯು ಮುಂದಕ್ಕೆ ತುಸು ಚಾಚುತ್ತದೆ. ಅದರ ಮೇಲೆ ತೆಂಗಿನ ಗರಿ ಅಥವಾ ದಪ್ಪ ಬಟ್ಟೆ ಹೊದಿಸಬಹುದು.

ಎಲ್ಲ ಅಂಚುಗಳನ್ನೂ ಉಪ್ಪುಕಾಗದದಿಂದ ಎಳೆಯ ಜಾಡಿನಲ್ಲಿಯೇ ಉಜ್ಜಿ, ಅಗಸೆ ಎಣ್ಣೆ ಸವರಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಈ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ಅದನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು. ಬಣ್ಣವನ್ನೇ ಬಳಿಯುವುದಾದರೆ ಮೂಲೆಯಲ್ಲಿ ಬಿದ್ದ ಹಳೆಯ ಡಬ್ಬಿ ಬೇಡ. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದುದು 2016ರಲ್ಲಿ.

ವಿದ್ಯುತ್ ಗರಗಸವು ಮಕ್ಕಳ ಕೈಗೆ ಬರಕೂಡದು. ಕೈಗರಗಸ ಹಿಡಿದ ಪ್ರತಿ ಮಗುವಿನ ಪಕ್ಕದಲ್ಲಿ ಹಿರಿಯರೊಬ್ಬರಿರಬೇಕು. ಅಳೆಯುವವರು, ಕೊಯ್ಯುವವರು, ಕೊರೆಯುವವರು, ಉಜ್ಜುವವರು, ಲೆಕ್ಕ ಬರೆಯುವವರು ಎಂದು ಐದು ತಂಡ ಮಾಡಿ, ಪ್ರತಿಯೊಂದು ತಂಡಕ್ಕೂ ಎಲ್ಲ ಕೆಲಸಗಳೂ ಬರುವಂತೆ ಬದಲಿಸಬೇಕು. ಹೆಣ್ಣುಮಕ್ಕಳಿಗೆ ಪಾನಕ, ಗಂಡುಮಕ್ಕಳಿಗೆ ಗರಗಸ ಎಂಬ ಹಂಚಿಕೆ ಸಲ್ಲದು.

ಪಾನಕದ ಲೆಕ್ಕ

ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮೂರು ನಿಂಬೆಹಣ್ಣು, ಸುಮಾರು 100 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು, ಏಲಕ್ಕಿ. ತಲೆಗೆ 150 ಮಿ.ಲೀ.ನಂತೆ ನೂರು ಜನಕ್ಕೆ 15 ಲೀಟರು. ಎಂದರೆ 45 ನಿಂಬೆಹಣ್ಣು, ಒಂದೂವರೆ ಕಿಲೋ ಬೆಲ್ಲ. ಮಣ್ಣಿನ ಗಡಿಗೆಯ ಮೈಯಿಂದ ಒಸರುವ ನೀರು ಆವಿಯಾಗುತ್ತಾ ಒಳಗಿನ ಶಾಖವನ್ನು ಸೆಳೆದೊಯ್ಯುವುದರಿಂದ ಮಂಜುಗಡ್ಡೆ ಬೇಡ. ಹುಳಿ ಪಾನಕವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಇಡಬಾರದು. ಆಮ್ಲವು ಲೋಹವನ್ನು ಕರಗಿಸಿ ಪಾನಕ ಕೆಡುತ್ತದೆ. ಸ್ಟೀಲಿನ ಪಾತ್ರೆ ನಿರಪಾಯ.

ಇನ್ನುಳಿದ ಪಾಠವೇ ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ನಾಡಿನಲ್ಲಿ ನೀರು ಯಾವಾಗಲೂ ಎಲ್ಲರಿಗೂ ಒಂದೇ ಕೈಯಿಂದ ಸಿಕ್ಕಿದ್ದಲ್ಲ. ಕೆಲವರಿಗೆ ಲೋಟದಲ್ಲಿ, ಕೆಲವರಿಗೆ ದೂರದಿಂದ ಬೊಗಸೆಗೆ ಸುರಿದ ಕಾಲವಿತ್ತು. ಸಾರ್ವಜನಿಕ ಕೆರೆಯ ನೀರನ್ನು ಕುಡಿಯುವ ಹಕ್ಕಿಗಾಗಿಯೇ ಡಾ. ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರೊಡನೆ ನಡೆಯಬೇಕಾಯಿತು. ಆದ್ದರಿಂದ ಮಕ್ಕಳ ಅರವಟ್ಟಿಗೆಯಲ್ಲಿ ಸಾಲು ಒಂದೇ, ಲೋಟಗಳು ಒಂದೇ ತರದವು, ಕೊಡುವ ಕೈಯಲ್ಲಿ ಭೇದವಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿಕೊಡಬೇಕು. ಓರೆಪಟ್ಟಿ ತಪ್ಪಿದರೆ ಕಟ್ಟೆ ವಾಲುವುದು. ಈ ನಿಯಮ ತಪ್ಪಿದರೆ ಕಟ್ಟಿದ್ದೇ ವ್ಯರ್ಥವಾಗುವುದು.

ಊರಿನ ಬಡಗಿಯನ್ನು ಕರೆದು, ಗುರುವೆಂದು ಮಣೆ ಹಾಕಿ, ತಕ್ಕ ಗೌರವಧನ ಕೊಟ್ಟು ಈ ಕೆಲಸವನ್ನು ಆರಂಭಿಸುವುದು ಶಾಲೆಗೆ ಭೂಷಣ. ದಾನಿಗಳು ಮರದ ವೆಚ್ಚವನ್ನೂ ಹಳೆಯ ವಿದ್ಯಾರ್ಥಿಗಳು ಹತ್ಯಾರಗಳನ್ನೂ ಒದಗಿಸಿದರೆ ಶಾಲೆಗೆ ಹೊರೆಯಾಗದು. ಬೇಸಗೆ ಮುಗಿದ ಮೇಲೆ ಚಾವಣಿಯನ್ನು ಬಿಚ್ಚಿ ಕಟ್ಟೆಯನ್ನು ಒಳಗಿಟ್ಟರೆ ಮುಂದಿನ ವರ್ಷದ ಮಕ್ಕಳು ಅದರ ಸಡಿಲ ತಿರುಪುಗಳನ್ನು ಬಿಗಿದು ಮತ್ತೆ ಬಿಸಿಲಿಗೆ ತರುವರು. ಹೀಗೆ ಒಂದು ತರಗತಿಯ ಕೈಗೆಲಸವು ಮುಂದಿನ ತರಗತಿಯ ಹೊಣೆಯಾಗಿ ನಡೆದುಬರಲಿ.