ಅಗಲ ಲಂಗದ ಹೊಲಿಗೆ: ಹಳೆಯ ಉಡುಪಿನಿಂದ ಹೊಸಬರಿಗೆ ಪಾಠ

ಅನ್ನ, ವಸತಿಗಳಂತೆಯೇ ಉಡುಗೆಯೂ ಮಾನವನ ಮೂಲಭೂತ ಆವಶ್ಯಕತೆಗಳಲ್ಲಿ ಒಂದು. ಆದರೆ ಉಡುಗೆ ಕೇವಲ ಆವಶ್ಯಕತೆಯಾಗಿ ಉಳಿದಿಲ್ಲ. ಒಂದೊಂದು ಕಾಲದ ಅಭಿರುಚಿ, ಸಿರಿವಂತಿಕೆ, ಸಂಕಷ್ಟಗಳೆಲ್ಲವೂ ಬಟ್ಟೆಯ ಮಡಿಕೆಗಳಲ್ಲಿ ಅಚ್ಚೊತ್ತಿ ನಿಂತಿವೆ. ಚಿತ್ರಗಳಲ್ಲಿ, ನಾಟಕಗಳಲ್ಲಿ, ಚಲನಚಿತ್ರಗಳಲ್ಲಿ ಕಾಣುವ ಯುರೋಪಿನ ಹಳೆಯ ಕಾಲದ ಅಗಲವಾದ ಲಂಗಗಳು ಇಂದಿಗೂ ಹೊಲಿಗೆ ಕಲಿಯುವವರ ಮನಸ್ಸನ್ನು ಸೆಳೆಯುತ್ತವೆ. ಶಾಲೆಯ ನಾಟಕಕ್ಕಾಗಿಯೋ, ಸ್ವಂತ ಸಂತೋಷಕ್ಕಾಗಿಯೋ ಅಂಥದೊಂದನ್ನು ತಾನೇ ಹೊಲಿಯಬೇಕೆಂಬ ಆಸೆ ಸಹಜ. ಆಸೆಯ ಭರದಲ್ಲಿ ಬೆಲೆಬಾಳುವ ಬಟ್ಟೆ ಕೊಂಡು, ಒಮ್ಮೆಲೆ ಕತ್ತರಿಯಿಟ್ಟು, ಕೊನೆಗೆ ಜೋತುಬಿದ್ದ ಲಂಗವೊಂದನ್ನು ಕೈಯಲ್ಲಿ ಹಿಡಿದು ಕೂರುವುದೂ ಅಷ್ಟೇ ಸಾಮಾನ್ಯ. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಹೊಸಬರ ಪಾಲಿಗೆ ಈ ಒಂದು ನಷ್ಟವೇ ಹಲವು ಸಲ ಹೊಲಿಗೆಯನ್ನು ಕೈಬಿಡಲು ಕಾರಣವಾಗುತ್ತದೆ.

ಈ ನಿರಾಶೆಗೆ ಕಾರಣ ಕೈಚಳಕದ ಕೊರತೆಯಲ್ಲ. ಲಂಗವು ತನ್ನ ಅಗಲವನ್ನು ಎಲ್ಲಿಂದ ಪಡೆಯುತ್ತದೆ ಎಂಬ ತಿಳಿವಳಿಕೆಯ ಕೊರತೆ. ಹಳೆಯ ಉಡುಪುಗಳ ಚರಿತ್ರೆಯನ್ನು ಸ್ವಲ್ಪ ಅರಿತರೆ ಈ ತಿಳಿವಳಿಕೆ ತಾನಾಗಿ ದೊರೆಯುತ್ತದೆ.

ಅಗಲ ಬಂದುದು ಎಲ್ಲಿಂದ?

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಯುರೋಪಿನ ಸ್ತ್ರೀಯರ ಲಂಗಗಳು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋದವು. ಆ ಅಗಲವನ್ನು ಎತ್ತಿಹಿಡಿಯಲು ಒಳಗೆ ಹಲವಾರು ಒಳಲಂಗಗಳನ್ನು ಒಂದರ ಮೇಲೊಂದು ಉಡುತ್ತಿದ್ದರು. ಅವುಗಳಲ್ಲಿ ಕುದುರೆಯ ಕೂದಲನ್ನು ಸೇರಿಸಿ ನೇಯ್ದ ಬಿರುಸಾದ ಬಟ್ಟೆಯ ಒಳಲಂಗವೂ ಒಂದು. 'ಕ್ರಿನೊಲಿನ್' ಎಂಬ ಹೆಸರು ಬಂದುದು ಇದರಿಂದಲೇ. ಫ್ರೆಂಚ್ ಭಾಷೆಯಲ್ಲಿ 'ಕ್ರಿನ್' ಎಂದರೆ ಕುದುರೆಯ ಕೂದಲು. 1856ರಲ್ಲಿ ಉಕ್ಕಿನ ಬಳೆಗಳನ್ನು ಪಟ್ಟಿಗಳಿಂದ ತೂಗುಹಾಕಿದ ಪಂಜರದಂಥ ಒಳ ಉಡುಪಿಗೆ ಪೇಟೆಂಟ್ ದೊರೆಯಿತು. ಒಳಲಂಗಗಳ ಭಾರ ಇಳಿಯಿತು. ಲಂಗದ ಅಗಲ ಮಾತ್ರ ಇನ್ನೂ ಏರಿತು.

ಈ ವೈಭವಕ್ಕೆ ಕಹಿಯಾದ ಇನ್ನೊಂದು ಮುಖವೂ ಇತ್ತು. ತೆರೆದ ಬೆಂಕಿಗೂಡು, ಮೇಣದ ಬತ್ತಿಗಳ ಆ ಕಾಲದಲ್ಲಿ ತೆಳುವಾದ ಅಗಲ ಬಟ್ಟೆಗೆ ಕಿಡಿ ತಗುಲಿದರೆ ಆರಿಸುವುದು ಕಷ್ಟವಾಗಿತ್ತು. ಅಮೆರಿಕದ ಪ್ರಸಿದ್ಧ ಕವಿ ಲಾಂಗ್‌ಫೆಲೋ ಅವರ ಪತ್ನಿ 1861ರ ಜುಲೈ ತಿಂಗಳಲ್ಲಿ ಉಡುಪಿಗೆ ಬೆಂಕಿ ಹತ್ತಿ ಮೃತರಾದರು. ಇಂಥ ದುರಂತಗಳು ಆ ದಶಕಗಳಲ್ಲಿ ಅಪರೂಪವಾಗಿರಲಿಲ್ಲ.

ಇದೇ ಕಾಲದಲ್ಲಿ ಹೊಲಿಗೆಯ ವಿಧಾನವೂ ಬದಲಾಗುತ್ತಿತ್ತು. 1846ರಲ್ಲಿ ಇಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ತಮ್ಮ ಹೊಲಿಗೆ ಯಂತ್ರಗಳಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದರು. 1863ರಲ್ಲಿ ಎಬೆನೆಜರ್ ಬಟರಿಕ್ ಎಂಬ ದರ್ಜಿ ಬೇರೆ ಬೇರೆ ಅಳತೆಗಳ ಕಾಗದದ ಮಾದರಿಗಳನ್ನು ಮಾರಾಟಕ್ಕೆ ತಂದರು. ದರ್ಜಿಯ ಗುಟ್ಟಾಗಿದ್ದ ಕತ್ತರಿಕೆ ಹೀಗೆ ಮನೆಮನೆಯ ಗೃಹಿಣಿಯರ ಕೈಗೆ ಬಂದಿತು.

ಎರಡನೆಯ ಮಹಾಯುದ್ಧದ ತರುವಾಯ ಅಗಲ ಲಂಗ ಮತ್ತೊಮ್ಮೆ ತಲೆಯೆತ್ತಿತು. 1947ರ ಫೆಬ್ರವರಿ 12ರಂದು ಪ್ಯಾರಿಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಪ್ರದರ್ಶಿಸಿದ ಉಡುಪುಗಳಲ್ಲಿ ಸೊಂಟ ಕಿರಿದಾಗಿ, ಲಂಗ ಉದ್ದವಾಗಿ ಅಗಲವಾಗಿ ಹರಡಿತ್ತು. ಬ್ರಿಟನ್ನಿನಲ್ಲಿ ಆಗ ಬಟ್ಟೆಗೆ ಪಡಿತರ ಇನ್ನೂ ಜಾರಿಯಲ್ಲಿತ್ತು. 1941ರ ಜೂನ್‌ನಲ್ಲಿ ಆರಂಭವಾದ ಆ ಪಡಿತರ ಕೊನೆಗೊಂಡುದು 1949ರ ಮಾರ್ಚ್‌ನಲ್ಲಿ. ಅಂಗುಲ ಅಂಗುಲಕ್ಕೂ ಲೆಕ್ಕವಿಡಬೇಕಾದ ದಿನಗಳಲ್ಲಿ ಒಂದು ಲಂಗಕ್ಕೆ ಮೀಟರುಗಟ್ಟಲೆ ಬಟ್ಟೆ ಬಳಸಿದುದು ಕೆಲವರಿಗೆ ಹಬ್ಬವಾಗಿ, ಕೆಲವರಿಗೆ ಅಪರಾಧವಾಗಿ ಕಂಡಿತು. ಆದರೂ ಮುಂದಿನ ದಶಕದಲ್ಲಿ ಸಾಮಾನ್ಯ ಹತ್ತಿಯ ಬಟ್ಟೆಯಲ್ಲಿಯೂ ಅಗಲ ಲಂಗ ಹರಡಿತು. ಡಿಯೋರ್ ಅವರ ಉಡುಪಿನಲ್ಲಿಯೂ ಹೊರಬಟ್ಟೆ ತಾನೇ ನಿಂತಿರಲಿಲ್ಲ. ಒಳಗಿನ ಅಸ್ತರು, ಪದರಗಳು ಅದನ್ನು ನಿಲ್ಲಿಸಿದ್ದವು.

ಉಡುವ ಕ್ರಮವೇ ಹೊಲಿಯುವ ಕ್ರಮ

ಈ ಚರಿತ್ರೆಯಿಂದ ಹೊಸಬರು ಕಲಿಯಬೇಕಾದ ಮುಖ್ಯ ಪಾಠ ಒಂದೇ: ಹೊರಗೆ ಕಾಣುವ ಅಗಲ ಒಳಗಿನ ಆಧಾರದಿಂದ ಬಂದುದು. ಆದುದರಿಂದ ಉಡುವಾಗ ಯಾವುದು ಮೊದಲೋ ಹೊಲಿಯುವಾಗಲೂ ಅದೇ ಮೊದಲು. ಒಳಲಂಗವನ್ನು ಮೊದಲು ಹೊಲಿದು, ಅದನ್ನು ಉಟ್ಟುಕೊಂಡು, ಅದರ ಮೇಲೆಯೇ ಹೊರಲಂಗದ ಸೊಂಟ ಮತ್ತು ಉದ್ದಗಳನ್ನು ಅಳೆಯಬೇಕು. ಒಳಗಿನ ಪದರ ಸೊಂಟಕ್ಕೆ ದಪ್ಪವನ್ನು ಕೂಡಿಸುತ್ತದೆ. ಬಟ್ಟೆಯನ್ನು ಹೊರಕ್ಕೆ ತಳ್ಳಿ ಅಂಚನ್ನು ಮೇಲಕ್ಕೆತ್ತುತ್ತದೆ. ಹೊರಲಂಗವನ್ನೇ ಮೊದಲು ಹೊಲಿದವರ ಅಳತೆ ಒಳಲಂಗ ಬಂದ ಕೂಡಲೇ ತಪ್ಪುವುದು ಇದರಿಂದಲೇ.

ಈ ಕ್ರಮದಲ್ಲಿ ಇನ್ನೊಂದು ಲಾಭವೂ ಉಂಟು. ಒಳಲಂಗಕ್ಕೆ ಅಗ್ಗದ ಬಟ್ಟೆ ಸಾಕು. ಅದರ ಹೊಲಿಗೆ ಯಾರ ಕಣ್ಣಿಗೂ ಬೀಳದು. ಸೊಟ್ಟ ಹೊಲಿಗೆ, ಏರುಪೇರಾದ ನೆರಿಗೆಗಳೆಲ್ಲ ಅಲ್ಲಿಯೇ ಅಡಗಿರುತ್ತವೆ. ಕಲಿಯುವ ತಪ್ಪುಗಳನ್ನು ಒಳಲಂಗದಲ್ಲಿ ಕಳೆದುಕೊಂಡ ಕೈ ಹೊರಲಂಗಕ್ಕೆ ಬರುವ ಹೊತ್ತಿಗೆ ಪಳಗಿರುತ್ತದೆ.

ಮೂರು ವಿಧಾನಗಳು

ಅಗಲ ಲಂಗ ಎಷ್ಟೇ ಬಗೆಯದಾಗಿ ಕಂಡರೂ ಅದರ ಕತ್ತರಿಕೆ ಮುಖ್ಯವಾಗಿ ಮೂರು ಬಗೆಯದು. ಉದಾಹರಣೆಗೆ ಸೊಂಟದ ಸುತ್ತಳತೆ 26 ಅಂಗುಲ, ಸಡಿಲಕ್ಕೆ 1 ಅಂಗುಲ ಸೇರಿ 27 ಅಂಗುಲ, ಉದ್ದ 28 ಅಂಗುಲ, ಬಟ್ಟೆಯ ಪನ್ನ 44 ಅಂಗುಲ ಎಂದು ಇಟ್ಟುಕೊಳ್ಳಬಹುದು.

ಮೊದಲನೆಯದು ನೆರಿಗೆಯ ಲಂಗ. ಇದರಲ್ಲಿ ತುಂಡುಗಳೆಲ್ಲ ನೇರ ಆಯತಗಳು. ಪೂರ್ಣ ಪನ್ನದ ಎರಡು ತುಂಡುಗಳನ್ನು ಕೂಡಿಸಿದರೆ 88 ಅಂಗುಲ ಸುತ್ತಳತೆ ಬರುತ್ತದೆ. ಇದು ಸೊಂಟದ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅಂಚಿನ ಮಡಿಕೆಗೆ 3 ಅಂಗುಲ, ಮೇಲಿನ ಹೊಲಿಗೆಗೆ ಅರ್ಧ ಅಂಗುಲ ಬಿಟ್ಟು, ಸೊಂಟಪಟ್ಟಿಯನ್ನೂ ಸೇರಿಸಿದರೆ 1.75 ಮೀಟರು ಬಟ್ಟೆ ಸಾಕಾಗುತ್ತದೆ. ಮೇಲಂಚಿನಲ್ಲಿ ಕಾಲು ಅಂಗುಲ ಅಂತರದಲ್ಲಿ ಉದ್ದುದ್ದ ಹೊಲಿಗೆಯ ಎರಡು ಸಾಲುಗಳನ್ನು ಹಾಕಿ ದಾರವನ್ನು ಎಳೆದರೆ ನೆರಿಗೆ ಕೂಡುತ್ತದೆ. ಒಂದೇ ಸಾಲು ಹಾಕಿದರೆ ನೆರಿಗೆಗಳು ಹೊರಳುತ್ತವೆ; ಸುತ್ತಲೂ ಒಂದೇ ದಾರವಿದ್ದರೆ ಎಳೆಯುವಾಗ ಕಡಿಯುವ ಭಯವುಂಟು. ಆದುದರಿಂದ ಮುಂಭಾಗ, ಹಿಂಭಾಗಗಳಿಗೆ ಬೇರೆ ಬೇರೆ ದಾರ ಹಾಕಿ, ಲಂಗವನ್ನೂ ಸೊಂಟಪಟ್ಟಿಯನ್ನೂ ನಾಲ್ಕು ಸಮಭಾಗ ಮಾಡಿ ಗುರುತು ಗುರುತಿಗೆ ಕೂಡಿಸಬೇಕು.

ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತೊಡುವ ಪರಕರ ಇದೇ ಜಾತಿಯದು. ಅದರಲ್ಲಿ ಒಂದು ಜಾಣ್ಮೆಯುಂಟು: ಬಟ್ಟೆಯನ್ನು ಅಡ್ಡಲಾಗಿ ತಿರುಗಿಸಿ, ಅದರ ಉದ್ದವೇ ಸೊಂಟವನ್ನು ಸುತ್ತುವಂತೆಯೂ ನೇಯ್ದ ಅಂಚು ಕೆಳಗೆ ಬರುವಂತೆಯೂ ಮಾಡುತ್ತಾರೆ. ಅಂಚು ಮಡಿಸುವ ಕೆಲಸ ಉಳಿಯುತ್ತದೆ. ಜರಿಯ ಕರೆ ಸುತ್ತಲೂ ಶೋಭಿಸುತ್ತದೆ. 1850ರ ದಶಕದ ಯುರೋಪಿನಲ್ಲಿಯೂ ಲಂಗದ ಪದರಗಳಿಗೆ ತಕ್ಕಂತೆ ಅಂಚಿನ ವಿನ್ಯಾಸವನ್ನು ನೇಯ್ದ ಅಥವಾ ಅಚ್ಚುಹಾಕಿದ ಬಟ್ಟೆಗಳು ಬಳಕೆಯಲ್ಲಿದ್ದವು. ಬೆಳೆಯುವ ಹುಡುಗಿಯ ಲಂಗಕ್ಕೆ ಅಡ್ಡ ಮಡಿಕೆಗಳನ್ನು ಹೊಲಿದಿಟ್ಟು, ಎತ್ತರ ಏರಿದಂತೆ ಒಂದೊಂದನ್ನು ಬಿಚ್ಚುವ ಪದ್ಧತಿಯೂ ಎರಡೂ ಕಡೆಗಳಲ್ಲಿ ಇತ್ತು.

ಎರಡನೆಯದು ತುಂಡುಗಳ ಲಂಗ. ಮೇಲೆ ಕಿರಿದು, ಕೆಳಗೆ ಅಗಲವಾದ ತುಂಡುಗಳನ್ನು ಜೋಡಿಸುವುದು ಇದರ ಕ್ರಮ. ಸೀರೆಯ ಒಳಗೆ ಉಡುವ ಲಾಡಿಯ ಲಂಗವನ್ನು ಸಾಮಾನ್ಯವಾಗಿ ಹೀಗೆಯೇ ಕತ್ತರಿಸುತ್ತಾರೆ. ಆರು ತುಂಡುಗಳಾದರೆ ಒಂದೊಂದಕ್ಕೆ ಸೊಂಟದಲ್ಲಿ 4.5 ಅಂಗುಲ, ಕೆಳಗಿನ ಸುತ್ತಳತೆ 120 ಅಂಗುಲ ಬೇಕಾದರೆ ಅಲ್ಲಿ 20 ಅಂಗುಲ. ಎರಡೂ ಬದಿಯ ಹೊಲಿಗೆಗೆ ಅರ್ಧರ್ಧ ಅಂಗುಲ ಕೂಡಿಸಿದಾಗ ಮೇಲೆ 5.5, ಕೆಳಗೆ 21 ಅಂಗುಲವಾಗುತ್ತದೆ. ಸೊಂಟದಲ್ಲಿ ನೆರಿಗೆಯ ದಪ್ಪವಿಲ್ಲದಿರುವುದು ಇದರ ಗುಣ. ಬಟ್ಟೆಯ ಮೇಲೆ ತುಂಡುಗಳನ್ನು ತಲೆಕೆಳಗಾಗಿ ಜೋಡಿಸಿದರೆ ಉಳಿತಾಯವಾಗುತ್ತದೆ. ಆದರೆ ಹೂಬಳ್ಳಿಗಳು ಒಂದೇ ದಿಕ್ಕಿಗೆ ಮುಖಮಾಡಿದ ಬಟ್ಟೆಗೆ ಇದು ಸಲ್ಲದು.

ಮೂರನೆಯದು ವೃತ್ತದ ಲಂಗ. ದರ್ಜಿಗಳು ಇದನ್ನು 'ಅಂಬ್ರೆಲಾ' ಎನ್ನುತ್ತಾರೆ. ಇಲ್ಲಿ ಶಾಲೆಯ ರೇಖಾಗಣಿತವೇ ಗುರು. ಸೊಂಟದ 27 ಅಂಗುಲವನ್ನು 6.28ರಿಂದ ಭಾಗಿಸಿದರೆ ತ್ರಿಜ್ಯ 4.3 ಅಂಗುಲ. ಅದಕ್ಕೆ ಉದ್ದದ 28 ಅಂಗುಲ ಕೂಡಿಸಿದರೆ ಹೊರವೃತ್ತದ ತ್ರಿಜ್ಯ 32.3 ಅಂಗುಲ, ಅಂಚಿನ ಸುತ್ತಳತೆ ಸುಮಾರು 203 ಅಂಗುಲ, ಅಂದರೆ 5 ಮೀಟರಿಗೂ ಮಿಗಿಲು. ಪೂರ್ಣ ವೃತ್ತ 44 ಅಂಗುಲದ ಪನ್ನದಲ್ಲಿ ಹಿಡಿಯದು. ಎರಡು ಅರ್ಧವೃತ್ತಗಳಾಗಿ ಕತ್ತರಿಸಬೇಕು. ಅದಕ್ಕೆ 3.5 ಮೀಟರು ಬೇಕು. ಪಕ್ಕದಲ್ಲಿ ಉಳಿಯುವ ನೀಳ ತುಂಡಿನಲ್ಲಿ ಸೊಂಟಪಟ್ಟಿ ದೊರೆಯುತ್ತದೆ.

ಮೂರರಲ್ಲಿ ಹೆಚ್ಚು ಎಚ್ಚರ ಬೇಕಾದುದು ಇದಕ್ಕೇ. ಸೊಂಟದ ತ್ರಿಜ್ಯದಲ್ಲಿ ಅರ್ಧ ಅಂಗುಲ ಹೆಚ್ಚಿದರೆ ಸುತ್ತಳತೆಯಲ್ಲಿ 3 ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಹೊಲಿಗೆಯ ಅಂಚಿಗಾಗಿ ಒಳವೃತ್ತವನ್ನು 4.3ರ ಬದಲು 3.8 ಅಂಗುಲದ ತ್ರಿಜ್ಯದಲ್ಲಿಯೇ ಕತ್ತರಿಸಬೇಕು. ಅಂಚು ಕಿರಿದಾದರೆ ಹಿಗ್ಗಿಸಬಹುದು, ಹಿಗ್ಗಿದುದನ್ನು ಕಿರಿದಾಗಿಸುವುದು ಕಷ್ಟ. ಕತ್ತರಿಸಿದ ತಕ್ಷಣ ಆ ಅಂಚಿನ ಮೇಲೆ ಒಂದು ಸಾಲು ಹೊಲಿಗೆ ಹಾಕಿದರೆ ಬಟ್ಟೆ ಎಳೆದುಕೊಳ್ಳುವುದಿಲ್ಲ. ವೃತ್ತದಲ್ಲಿ ಹಾಸು ಹೊಕ್ಕುಗಳು ಕೆಲವೆಡೆ ನೇರವಾಗಿ, ಕೆಲವೆಡೆ ಓರೆಯಾಗಿ ಇಳಿಯುತ್ತವೆ. ಓರೆಯಾದ ಭಾಗ ತನ್ನ ಭಾರಕ್ಕೆ ತಾನೇ ಉದ್ದವಾಗುತ್ತದೆ. ಆದುದರಿಂದ ಸೊಂಟಪಟ್ಟಿ ಕೂಡಿಸಿದ ಮೇಲೆ ಲಂಗವನ್ನು ಒಂದು ದಿನ ತೂಗುಹಾಕಿ, ಬಳಿಕ ನೆಲದಿಂದ ಸಮನಾಗಿ ಅಳೆದು ಅಂಚನ್ನು ಸರಿಪಡಿಸಬೇಕು. ಬಾಗಿದ ಅಂಚಿಗೆ ಕಿರಿದಾದ ಮಡಿಕೆಯೇ ಯೋಗ್ಯ. ಅಗಲ ಮಡಿಕೆ ಸುಕ್ಕುಗಟ್ಟುತ್ತದೆ.

ಹೊಸಬರಿಗೆ ಹಿತವಾದ ಕ್ರಮ ಇದು: ಮೊದಲು ತುಂಡುಗಳ ಒಳಲಂಗ, ಅನಂತರ ನೆರಿಗೆಯ ಹೊರಲಂಗ, ಕೈ ಪಳಗಿದ ಮೇಲೆ ವೃತ್ತದ ಲಂಗ.

ಕತ್ತರಿಗೆ ಮುನ್ನ, ಹೊಲಿಗೆಗೆ ಬಳಿಕ

ಹತ್ತಿಯ ಬಟ್ಟೆಯನ್ನು ಕತ್ತರಿಸುವ ಮುನ್ನ ಒಗೆದು, ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲವಾದರೆ ಮೊದಲ ಒಗೆತದಲ್ಲಿಯೇ ಲಂಗ ಕುಗ್ಗುತ್ತದೆ. ಒಂದೊಂದು ಹೊಲಿಗೆ ಮುಗಿದಂತೆಯೇ ಅದರ ಮೇಲೆ ಇಸ್ತ್ರಿ ಆಡಿಸಬೇಕು. ಮನೆಯಲ್ಲಿ ಹೊಲಿದ ಉಡುಪು ಒರಟಾಗಿ ಕಾಣುವುದಕ್ಕೆ ಅನೇಕ ಸಲ ಇಸ್ತ್ರಿಯ ಸೋಮಾರಿತನವೇ ಕಾರಣ.

ಉಡುಪಿನ ಮೇಲ್ಭಾಗ ಲಂಗಕ್ಕಿಂತ ಕಠಿನವಾದುದು. ಎದೆ, ಬೆನ್ನು, ಭುಜಗಳ ತಿರುವುಗಳು ಒಬ್ಬೊಬ್ಬರಿಗೆ ಒಂದೊಂದು ಬಗೆ. ಆದುದರಿಂದ ಆರಂಭದಲ್ಲಿ ಸರಿಯಾಗಿ ಕೂರುವ ರವಿಕೆಯೊಂದರ ಜತೆಗೆ ಲಂಗವನ್ನು ತೊಡುವುದೇ ಸುಲಭ. ಮೇಲ್ಭಾಗವನ್ನೂ ಹೊಲಿಯಬೇಕೆಂದಾದರೆ ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು, ಮೈಮೇಲೆ ಹಾಕಿ ನೋಡಿ, ಸೂಜಿ ಚುಚ್ಚಿ ತಿದ್ದಿ, ಆ ತಿದ್ದುಪಡಿಗಳನ್ನು ಕಾಗದದ ಮಾದರಿಗೆ ಇಳಿಸಿಕೊಳ್ಳಬೇಕು. ಅಂಗುಲದ ಲೆಕ್ಕ ತಪ್ಪಿದರೆ ಕೋರಾ ಬಟ್ಟೆ ಮಾತ್ರ ಹಾಳು. ಬೆಲೆಬಾಳುವ ಬಟ್ಟೆ ಸುರಕ್ಷಿತ.

ಹೊಲಿದ ಉಡುಪನ್ನು ತೊಟ್ಟಾಗಲೂ ಎಚ್ಚರ ಅಗತ್ಯ. ಬೆಂಕಿಗೂಡು ಹೋಗಿ ಗ್ಯಾಸ್ ಒಲೆ ಬಂದರೂ ಅಗಲ ಲಂಗದ ಅಪಾಯ ಅಳಿದಿಲ್ಲ. ಅಗ್ಗದ ಕೃತಕ ನೂಲಿನ ಬಲೆಬಟ್ಟೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಮುಂದೆ, ದೀಪಗಳ ಸಾಲಿನ ಬಳಿ, ದ್ವಿಚಕ್ರ ವಾಹನದ ಚಕ್ರದ ಸಮೀಪ ಲಂಗದ ಅಂಚಿನ ಮೇಲೆ ಕಣ್ಣಿರಬೇಕು.

ಹಳೆಯ ಉಡುಪೇ ಪಠ್ಯ

ಇಂಗ್ಲೆಂಡಿನ ಜಾನೆಟ್ ಆರ್ನಲ್ಡ್ ಸಂಗ್ರಹಗಳಲ್ಲಿ ಉಳಿದ ಹಳೆಯ ಉಡುಪುಗಳನ್ನು ಹೊಲಿಗೆ ಹೊಲಿಗೆಯಾಗಿ ಅಳೆದು, ಅವುಗಳ ಕತ್ತರಿಕೆಯ ನಕ್ಷೆಗಳನ್ನು 1964ರಿಂದ 'ಪ್ಯಾಟರ್ನ್ಸ್ ಆಫ್ ಫ್ಯಾಶನ್' ಎಂಬ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಉಡುಪನ್ನು ಒಳಹೊರಗು ಮಾಡಿ ನೋಡಿದವರಿಗೆ ಅದರ ಗುಟ್ಟು ತಿಳಿಯುತ್ತದೆ ಎಂಬುದಕ್ಕೆ ಅವರ ಶ್ರಮ ಸಾಕ್ಷಿ.

ಅಷ್ಟು ದೂರ ಹೋಗದೆಯೂ ಈ ವಿದ್ಯೆ ಲಭ್ಯ. ಅನೇಕ ಮನೆಗಳ ಟ್ರಂಕಿನಲ್ಲಿ ಅಜ್ಜಿಯ ಕಾಲದ ಪರಕರವೊಂದು ಮಡಿಸಿಟ್ಟಿರುತ್ತದೆ. ಅದನ್ನು ಮಗುಚಿ ನೋಡಿದರೆ ನೆರಿಗೆಗೆ ಎಷ್ಟು ಬಟ್ಟೆ ಹಿಡಿದಿದೆ, ಅಂಚನ್ನು ಹೇಗೆ ಉಳಿಸಿದ್ದಾರೆ, ಬೆಳೆಯುವ ಮಗುವಿಗಾಗಿ ಎಷ್ಟು ಮಡಿಕೆ ಬಿಟ್ಟಿದ್ದಾರೆ ಎಂಬುದೆಲ್ಲ ಕಾಣುತ್ತದೆ. ಹೊಲಿದವರ ಹೆಸರು ಅದರ ಮೇಲೆ ಇರಲಿಕ್ಕಿಲ್ಲ. ಅವರ ಲೆಕ್ಕ ಮಾತ್ರ ಹೊಲಿಗೆಯಲ್ಲಿ ಉಳಿದಿರುತ್ತದೆ. ಆ ಲೆಕ್ಕವನ್ನು ಅಳತೆ ಟೇಪು ಹಿಡಿದು ಓದಿ, ಕಾಗದದ ಮೇಲೆ ಬರೆದುಕೊಂಡು, ಅಗ್ಗದ ಬಟ್ಟೆಯಲ್ಲಿ ಒಂದು ಒಳಲಂಗವನ್ನು ಹೊಲಿದವರು ಆಗಲೇ ಅರ್ಧ ದಾರಿ ಕ್ರಮಿಸಿದಂತೆ.